ಅಕ್ಕ ಬಿಟ್ಟುಕೊಡದ ಮುಂದಿನ ಸೀಟು: ಬೆಜವಾಡದಿಂದ ಅರಕುವಿಗೆ

2017ರ ಡಿಸೆಂಬರಿನಲ್ಲಿ ನಮ್ಮ ಕುಟುಂಬದ ಹತ್ತು ಜನ ವಿಜಯವಾಡದಿಂದ, ಅಂದರೆ ನಮ್ಮ ಬೆಜವಾಡದಿಂದ, ಎರಡು ಕಾರುಗಳಲ್ಲಿ ಹೊರಟೆವು. ವಿಶಾಖಪಟ್ಟಣದವರೆಗೆ ಸುಮಾರು ಮುನ್ನೂರೈವತ್ತು ಕಿಲೋಮೀಟರ್. ಅಲ್ಲಿಂದ ಅರಕು ಕಣಿವೆಗೆ ಮತ್ತೆ ನೂರಕ್ಕೂ ಮೇಲೆ. ಡ್ರೈವರ್ ಬೇಡ, ನಾವೇ ಓಡಿಸಿಕೊಂಡು ಹೋಗೋಣ ಎಂದು ತಿಂಗಳ ಮೊದಲೇ ಹಟ ಹಿಡಿದವರು ನಮ್ಮ ಭಾವ.

ಭಾವ ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ನಿವೃತ್ತಿಗೆ ಹತ್ತಿರವಾಗಿದ್ದರು. ಅವರೂ ನಮ್ಮಕ್ಕ ವಿಮಲಾಳೂ ಮೂವತ್ತು ವರ್ಷದಿಂದ ಅಲ್ಲಿನ ಟೌನ್‌ಶಿಪ್ಪಿನಲ್ಲೇ ಇದ್ದಾರೆ. ನಾನು ಬೆಜವಾಡದ ಸೊಸೆ. ನಮ್ಮವರು ಶ್ರೀನಿವಾಸ್, ತೆಲುಗಿನವರು, ಗವರ್ನರ್‌ಪೇಟೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ದಾವಣಗೆರೆಯಿಂದ ಅಮ್ಮ, ತಮ್ಮ ಮಂಜು, ಅವನ ಹೆಂಡತಿ ಗೀತಾ, ಇಬ್ಬರು ಗಂಡುಮಕ್ಕಳು ರೈಲಿನಲ್ಲಿ ಬಂದಿಳಿದರು. ಅಕ್ಕ ಭಾವನೂ ರೈಲು ಹತ್ತಿ ನಮ್ಮಲ್ಲಿಗೇ ಬಂದರು. ಭಾವ ಹಾಕಿದ ಯೋಜನೆಯ ಪ್ರಕಾರ ಎಂಟು ಸೀಟಿನ ದೊಡ್ಡ ಕಾರೊಂದನ್ನು ಬೆಜವಾಡದಲ್ಲಿ ಬಾಡಿಗೆಗೆ ಹಿಡಿಯುವುದು, ಅದನ್ನು ಅವರು ಓಡಿಸುವುದು. ನಮ್ಮ ಸಣ್ಣ ಕಾರನ್ನು ಶ್ರೀನಿವಾಸ್ ಓಡಿಸುವುದು. ವಾಪಸು ಬರುವಾಗ ದೊಡ್ಡ ಕಾರನ್ನು ನಾನು ತರುವುದು.

ಯೋಜನೆ ಕೇಳಿದಾಗಲೇ ನನಗೆ ಎಲ್ಲೋ ಏನೋ ಸರಿ ಕಾಣಲಿಲ್ಲ. ರೈಲು ಆರೇಳು ಗಂಟೆಯಲ್ಲಿ ತಲುಪಿಸುವ ಊರಿಗೆ ಭಾವ ಎರಡು ದಿನ ಇಟ್ಟಿದ್ದರು. ಬೆಳಿಗ್ಗೆ ಬಿಸಿಲು ಚೆನ್ನಾಗಿ ಏರಿದ ಮೇಲೇ ಹೊರಡಬೇಕು, ಸಂಜೆಗೆ ಮುಂಚೆ ಎಲ್ಲಾದರೂ ನಿಲ್ಲಬೇಕು. ಹಿಂದೆ ಇದೇ ಭಾವ ವಿಶಾಖಪಟ್ಟಣದಿಂದ ದಾವಣಗೆರೆಗೆ ನಡುವೆ ಮಲಗದೆ ಓಡಿಸಿಕೊಂಡು ಬಂದವರು.

"ಅಣ್ಣಗಾರಿಗೆ ವಯಸ್ಸಾಯ್ತು ಕಣೇ," ಎಂದರು ಶ್ರೀನಿವಾಸ್. ಭಾವನನ್ನು ಅವರು ಕರೆಯುವುದು ಹಾಗೇ.

ಕಾರು ತಂದುಕೊಟ್ಟ ಬಾಡಿಗೆಯ ಮನುಷ್ಯನ ಮೇಲೆ ನನ್ನ ಅನುಮಾನ ಮೊದಲು ಹೋಯಿತು. ಕಪ್ಪು ನಂಬರ್ ಪ್ಲೇಟಿನ ಆ ಕಾರಿನ ಸುತ್ತ ಅವನು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತ ಬಂದ. ಹಿಂದಿನ ಬಾಗಿಲ ಹತ್ತಿರದ ಗೀರನ್ನು ಬಿಟ್ಟೇ ಮುಂದಕ್ಕೆ ಸರಿದ. ನಾನು ಅವನನ್ನು ಕರೆದು ಅದರ ವಿಡಿಯೋವನ್ನೂ ತೆಗೆಸಿದೆ. ಭಾವ ಅದ್ಯಾವುದನ್ನೂ ನೋಡಲಿಲ್ಲ. ಟೈರು ಒದ್ದು ನೋಡದೆ ಬಾಡಿಗೆ ಕಾರು ಹತ್ತುವ ಮನುಷ್ಯನೇ ಅಲ್ಲ ಅವರು. ಸುಮ್ಮನೆ ಸ್ಟಿಯರಿಂಗ್ ಮುಂದೆ ಕೂತು ಕನ್ನಡಿಗಳನ್ನು ತಿರುಗಿಸುತ್ತಲೇ ಇದ್ದರು.

ಹತ್ತುವಾಗ ಮೊದಲ ಕಿರಿಕಿರಿ ಆಯಿತು. ಅಮ್ಮನಿಗೆ ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆ.

"ನಾನು ಮುಂದೆ ಕುಂತ್ಕಂತೀನಿ ವಿಮಲಾ," ಎಂದಳು.

"ಬ್ಯಾಡಮ್ಮ, ಹಿಂದೆ ಕುಂತ್ಕ. ನಾನು ಇಲ್ಲೇ ಇರ್ಬೇಕು," ಎಂದಳು ಅಕ್ಕ.

ಆಗಲೇ ಬೆಲ್ಟ್ ಹಾಕಿಕೊಂಡು ಕೂತಿದ್ದಳು. ಅಮ್ಮ ಮುಖ ಸಣ್ಣ ಮಾಡಿಕೊಂಡು ನನ್ನ ಪಕ್ಕ ಬಂದಳು. ಅಮ್ಮನ ಮಾತನ್ನು ಅಕ್ಕ ಹಾಗೆ ತಳ್ಳಿಹಾಕಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಗೀತಾ, ಅವಳ ಮಕ್ಕಳು, ನನ್ನ ಮಗಳು ಹರಿಣಿ ನಮ್ಮ ಜೊತೆ. ಸಾಮಾನಿನ ಜೊತೆ ಮಂಜು ಸಣ್ಣ ಕಾರಿನಲ್ಲಿ.

ಗನ್ನವರಂ ದಾಟಿದ ಮೇಲೆ ರಸ್ತೆ ಹಗುರಾಯಿತು. ಏಲೂರಿನಾಚೆ ಭತ್ತದ ಗದ್ದೆ, ಮೀನಿನ ಕೆರೆ, ತೆಂಗು. ಕಾರು ಎಂಬತ್ತರ ಮೇಲೆ ಹೋಗಲಿಲ್ಲ. ಅಕ್ಕನ ಬಾಯಿ ಮಾತ್ರ ನಿಲ್ಲಲಿಲ್ಲ. "ಆಟೋ ಬರ್ತಾ ಐತೆ ರೀ. ಬಸ್ಸು ನಿಂತೈತೆ. ಸೈಕಲ್ಲು, ಸೈಕಲ್ಲು. ಹ್ಞಾಂ, ಈಗ ಖಾಲಿ." ಭಾವ ಅದನ್ನು ಕೇಳುತ್ತ ಓಡಿಸುತ್ತಿದ್ದರು.

"ದೊಡ್ಡಮ್ಮ ಎಂದುಕು ಕಾಮೆಂಟರಿ ಹೇಳ್ತಾರೆ?" ಎಂದು ಹರಿಣಿ ಕೇಳಿದಳು. ಅವಳ ಕನ್ನಡದಲ್ಲಿ ಅರ್ಧ ತೆಲುಗು; ಎಂದುಕು ಎಂದರೆ ಯಾಕೆ. ಹುಡುಗರು ನಕ್ಕರು. ಅಕ್ಕ ನಗಲಿಲ್ಲ.

ರಾವುಲಪಾಲೆಂ ಹತ್ತಿರ ಗೋದಾವರಿ ಸೇತುವೆ ದಾಟಿ, ರಸ್ತೆಬದಿಯಲ್ಲಿ ಪೂತರೇಕುಲು ಮಾರುವ ಅಂಗಡಿಯ ಮುಂದೆ ನಿಂತೆವು. ಕಾಗದದಂತೆ ತೆಳ್ಳಗಿನ ಅಕ್ಕಿ ಹಾಳೆಯಲ್ಲಿ ಬೆಲ್ಲ ತುಪ್ಪ ಮಡಚಿಟ್ಟ ಸಿಹಿ. ಭಾವನ ಮೊಬೈಲಿನ ಅಲಾರಂ ಹೊಡೆದುಕೊಂಡಿತು. ಎಂಜಿನ್ ಬಿಸಿಯಾಗಿದೆ, ನೋಡುತ್ತೇನೆ ಎಂದು ಅವರು ಕಾರಿನ ಹಿಂದಕ್ಕೆ ಹೋದರು. ಎಂಜಿನ್ ಇರುವುದು ಮುಂದೆ. ಅಕ್ಕ ಬ್ಯಾಗು ಹಿಡಿದು ಅವರ ಹಿಂದೆಯೇ ಹೋದಳು. ನಾನು ಸಿಹಿಯ ಪೊಟ್ಟಣ ಹಿಡಿದು ಅತ್ತ ಹೋದಾಗ ಕಂಡದ್ದು ಇಷ್ಟು: ಭಾವ ತಲೆಯನ್ನು ಹಿಂದಕ್ಕೆ ಚೆಲ್ಲಿ ನಿಂತಿದ್ದರು, ಅಕ್ಕ ಅವರ ಗದ್ದ ಹಿಡಿದಿದ್ದಳು, ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅಕ್ಕ ಸೆರಗಿನಿಂದ ಅದನ್ನು ಒರೆಸಿದಳು.

ನಾನು ಸದ್ದಿಲ್ಲದೆ ಹಿಂದಕ್ಕೆ ಬಂದೆ. ಭಾವ ಅಳುತ್ತಿದ್ದಾರೆ ಎಂದುಕೊಂಡೆ. ಇವರಿಬ್ಬರಲ್ಲಿ ಏನೋ ಆಗಿದೆ, ಇಲ್ಲ ಯಾರಿಗೋ ದೊಡ್ಡ ಕಾಯಿಲೆ ಬಂದಿದೆ, ಅದನ್ನು ಹೇಳುವುದಕ್ಕೇ ಎಲ್ಲರನ್ನೂ ಒಟ್ಟುಗೂಡಿಸಿದ್ದಾರೆ ಎಂದು ಮನಸ್ಸು ಎಲ್ಲೆಲ್ಲೋ ಹರಿಯಿತು. ಕಡಿಯಂ ಕಡೆಯ ನರ್ಸರಿಗಳಲ್ಲಿ ಮೈಲುಗಟ್ಟಲೆ ಗುಲಾಬಿ, ಚೆಂಡುಹೂವು ಸಾಲು ಹಿಡಿದಿದ್ದವು. ಗೀತಾ ಇಳಿದು ಫೋಟೋ ತೆಗೆಸಿಕೊಂಡಳು. ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ.

ರಾಜಮಂಡ್ರಿಯಲ್ಲಿ ತಂಗಿದೆವು. ಊಟದ ಹೋಟೆಲಿನಲ್ಲಿ ಭಾವ ಎಡಗಡೆ ಇದ್ದ ಪ್ಲಾಸ್ಟಿಕ್ ಸ್ಟೂಲನ್ನು ಎಡವಿದರು. ಮಾಣಿ ಎಡಕ್ಕಿಟ್ಟ ನೀರಿನ ಲೋಟವನ್ನು ಬಿಟ್ಟು "ನೀರು ಕೊಡಪ್ಪ" ಎಂದು ಮತ್ತೆ ಕೇಳಿದರು. ಅಕ್ಕ ಏನೂ ಆಗಲಿಲ್ಲವೆಂಬಂತೆ ಲೋಟವನ್ನು ಬಲಕ್ಕೆ ಸರಿಸಿದಳು. ಅಮ್ಮ ತಟ್ಟೆಯಿಂದ ತಲೆ ಎತ್ತಿ ಒಂದು ಸಲ ನೋಡಿ ಮತ್ತೆ ಉಣ್ಣತೊಡಗಿದಳು.

ಮರುದಿನ ಅನ್ನವರಂ ಬೆಟ್ಟ ಹತ್ತಿ ದರ್ಶನ ಮಾಡಿದೆವು. ಎಲೆಯಲ್ಲಿ ಕಟ್ಟಿಕೊಡುವ ಬಿಸಿ ಗೋಧಿ ಪ್ರಸಾದ ಹೊಟ್ಟೆಗೆ ಭಾರವಾಗಿ ಎಲ್ಲರಿಗೂ ತೂಕಡಿಕೆ. ತುನಿ ದಾಟುವಾಗ ಮುಂದಿನ ಗಾಜಿನಿಂದ ಬಿಸಿಲು ಅಕ್ಕನ ಮಡಿಲಿಗೆ ಬೀಳುತ್ತಿತ್ತು. ಅವಳ ಮಾತು ನಿಧಾನವಾಗಿ ನಿಂತಿತು. ತಲೆ ಕಿಟಕಿಗೆ ಒರಗಿತು. ಆ ಮೌನದಲ್ಲಿ ನನಗೊಂದು ವಿಷಯ ಹೊಳೆಯಿತು: ಎರಡು ದಿನದಿಂದ ಅಕ್ಕ ಹೇಳಿದ ಆಟೋ, ಬಸ್ಸು, ಸೈಕಲ್ಲು ಎಲ್ಲವೂ ಎಡಗಡೆಯವು. ಬಲಗಡೆಯದು ಒಂದೂ ಇರಲಿಲ್ಲ.

ಅದನ್ನು ಯೋಚಿಸುತ್ತಿರುವಾಗಲೇ ಎಡಗಡೆ ಮೋಟಾರ್ ಸೈಕಲ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವನೊಬ್ಬ ನಮ್ಮ ಸಮಕ್ಕೆ ಬಂದಿದ್ದ. ಮುಂದೆ ನಿಂತಿದ್ದ ಲಾರಿಯನ್ನು ತಪ್ಪಿಸಲು ಅವನು ಒಳಕ್ಕೆ ಸರಿದ. ಕಾರೂ ಅವನ ಕಡೆಗೇ ಸರಿಯುತ್ತಿತ್ತು.

"ಭಾವ, ಎಡಗಡೆ," ಎಂದು ನಾನು ಕಿರುಚಿದೆ.

ಕಾರು ಬಲಕ್ಕೆ ಎಳೆದುಕೊಂಡು ಡಿವೈಡರ್ ಪಕ್ಕ ಹೋಗಿ ನಿಂತಿತು. ಹಿಂದಿನಿಂದ ಬಂದ ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯುತ್ತ ದಾಟಿತು. ಹಾಲಿನವನು ಕಾಲೂರಿ ನಿಂತು ತೆಲುಗಿನಲ್ಲಿ ಬೈದು ಹೊರಟುಹೋದ. ಯಾರಿಗೂ ಏನೂ ಆಗಲಿಲ್ಲ. ಅಕ್ಕ ಎಚ್ಚರಗೊಂಡು ಭಾವನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು.

"ಒಂದೇ ಸಲಕ್ಕೆ ನುಗ್ಗಿಬಿಟ್ಟ," ಎಂದರು ಭಾವ.

ನಕ್ಕಪಲ್ಲಿಯ ಹತ್ತಿರ ಟೀ ಕುಡಿಯುವಾಗ ಶ್ರೀನಿವಾಸ್ ನನ್ನನ್ನು ಪಕ್ಕಕ್ಕೆ ಕರೆದರು. "ನುಗ್ಗಲಿಲ್ಲ. ಆ ಬೈಕು ಆವಾಗಿಂದ ಪಕ್ಕದಲ್ಲೇ ಇತ್ತು. ನಾನು ಹಿಂದಿಂದ ನೋಡ್ತಾನೇ ಇದ್ದೆ. ಅಣ್ಣಗಾರಿಗೆ ಏನಾಗಿದೆ?"

ನಾನು ಟೀ ಲೋಟ ಹಿಡಿದು ಭಾವನ ಎಡಕ್ಕೆ ಹೋಗಿ ಸುಮ್ಮನೆ ನಿಂತೆ. ಕೈಚಾಚಿದರೆ ಮುಟ್ಟುವಷ್ಟು ಹತ್ತಿರ. ಅವರು ರಸ್ತೆ ನೋಡುತ್ತ ನಿಂತಿದ್ದರು. ನಾನು ಬಂದದ್ದು ಅವರಿಗೆ ತಿಳಿಯಲೇ ಇಲ್ಲ. "ಭಾವ" ಎಂದಾಗ ಬೆಚ್ಚಿ ಇಡೀ ಮೈಯನ್ನೇ ತಿರುಗಿಸಿದರು. ಟೌನ್‌ಶಿಪ್ಪಿನವರೆಗೆ ಉಳಿದ ದಾರಿಯುದ್ದ ನಾನೂ ಅಕ್ಕನ ಹಿಂದೆ ಕೂತು ಎಡಗಡೆಯನ್ನೇ ಕಾದೆ.

ಮೂರನೆಯ ದಿನ ಋಷಿಕೊಂಡದ ಕಡಲತೀರ. ಹುಡುಗರು ಅಲೆಯಲ್ಲಿ ಆಡುತ್ತಿದ್ದರು, ಭಾವ ಅಮ್ಮನ ಜೊತೆ ಜೋಳದ ತೆನೆ ತಿನ್ನುತ್ತ ದೂರದಲ್ಲಿ ಕೂತಿದ್ದರು. ಬೆಳಿಗ್ಗೆ ಅಕ್ಕನ ಫ್ರಿಜ್ಜಿನ ಬಾಗಿಲಲ್ಲಿ ಕಣ್ಣಿನ ಹನಿ ಔಷಧಿಯ ಬಾಟಲಿಗಳನ್ನು ನಾನು ನೋಡಿದ್ದೆ. ಅಕ್ಕನನ್ನು ನೀರಿನ ಅಂಚಿಗೆ ಕರೆದುಕೊಂಡು ಹೋದೆ.

"ಭಾವನಿಗೆ ಎಡಗಣ್ಣು ಕಾಣಲ್ಲ, ಅಲ್ವಾ?"

ಅಕ್ಕ ಸಮುದ್ರ ನೋಡುತ್ತಲೇ ಇದ್ದಳು. "ಗ್ಲಾಕೋಮ. ಕಣ್ಣೊಳಗೆ ಪ್ರೆಷರ್ ಜಾಸ್ತಿಯಾಗಿ ನರ ಸತ್ತೋಗೈತೆ. ಎಡಗಣ್ಣು ಪೂರ್ತಿ ಹೋದಂಗೇ. ಬಲಗಣ್ಣಿಗೂ ಶುರು ಆಗೈತೆ. ದ್ವಾರಕಾ ನಗರದ ಡಾಕ್ಟರು ಕಾರು ಮುಟ್ಬ್ಯಾಡಿ ಅಂದ್ರು."

"ಅಂದ ಮೇಲೂ ಏಳು ಜನನ್ನ ಕೂರಿಸ್ಕೊಂಡು ಓಡಿಸಿದ್ರಾ?"

"ನಾನು ಪಕ್ಕದಲ್ಲಿ ಇದ್ನಲ್ಲ."

"ನೀನು ನಿದ್ದೆ ಮಾಡ್ದೆ ಅಕ್ಕ."

ಅವಳ ಸೀರೆಯ ನೆರಿಗೆ ಅಲೆಗೆ ಸಿಕ್ಕಿ ಒದ್ದೆಯಾಗುತ್ತಿದ್ದರೂ ಎತ್ತಿಕೊಳ್ಳಲಿಲ್ಲ. "ಅರಕು ಒಂದು ನೋಡ್ಕಂಡು ಬಂದು ಬಿಟ್ಬಿಡ್ತೀನಿ ಅಂದಾರೆ. ಮೂವತ್ತು ವರ್ಷದಿಂದ ಓಡಿಸಿದ ದಾರಿ. ಯಾರಿಗೂ ಹೇಳ್ಬ್ಯಾಡ ಸುಧಾ. ನಾನು ನಾಳೆ ರೆಪ್ಪೆ ಮುಚ್ಚಲ್ಲ."

ನಾನು ಮಾತು ಕೊಡಲಿಲ್ಲ. ಅಕ್ಕ ನನ್ನನ್ನು ಎತ್ತಿ ಬೆಳೆಸಿದವಳು. ಆ ಕಾರಿನಲ್ಲಿ ಹಿಂದಿನ ಸೀಟಿಗೆ ಮೂರು ಮಕ್ಕಳು ಕೂರುತ್ತಿದ್ದರು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನನಗೆ ದಾರಿ ಕಾಣಲಿಲ್ಲ.

ಮರುಬೆಳಿಗ್ಗೆ ಉಳಿದವರು ಇನ್ನೂ ತಿಂಡಿ ತಿನ್ನುತ್ತಿದ್ದಾಗ ಭಾವ ಕೆಳಗೆ ಕಾರಿನ ಗಾಜು ಒರೆಸುತ್ತಿದ್ದರು. ನಾನು ಅವರ ಬಲಕ್ಕೆ ಹೋಗಿ ನಿಂತೆ.

"ಭಾವ, ಘಾಟಿಯಲ್ಲಿ ನಾನು ಓಡಿಸ್ತೀನಿ. ಕೀ ಕೊಡಿ."

"ಬೆಜವಾಡದ ಗಲ್ಲಿ ಬ್ಯಾರೆ, ಘಾಟಿ ಬ್ಯಾರೆ. ದಾರಿಗೆ ಮಂಜು ಮುಸುಕಿರತೈತೆ."

"ಕೊಡದಿದ್ರೆ ನಾನು ಮಕ್ಕಳನ್ನ ಹತ್ತಿಸಲ್ಲ."

ಒರೆಸುವ ಕೈ ನಿಂತಿತು. "ವಿಮಲಾ ಹೇಳಿದ್ಲಾ?"

"ನಾನೇ ನೋಡ್ದೆ. ನಿಮ್ಮ ಎಡಕ್ಕೆ ನಿಂತು ನೋಡ್ದೆ."

ಅವರ ಮುಖ ಕೆಂಪಾಯಿತು. ನನ್ನನ್ನು ಚಿಕ್ಕ ಹುಡುಗಿಯಂತೆ ಗದರಿಸುತ್ತಾರೆ ಎಂದು ಕಾದೆ. ಅವರು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಜೇಬಿನಿಂದ ಕೀ ತೆಗೆದು ಬಾನೆಟ್ ಮೇಲಿಟ್ಟರು. ಕೈಗೆ ಕೊಡಲಿಲ್ಲ.

"ಬೆನ್ನು ನೋವು ಅಂತ ಹೇಳು ಎಲ್ಲರಿಗೂ."

ಹಾಗೆಯೇ ಹೇಳಿದೆ. ಅಕ್ಕ ನನ್ನ ಮುಖ ನೋಡದೆ ಹಿಂದಿನ ಬಾಗಿಲು ತೆಗೆದು ಅಮ್ಮನ ಪಕ್ಕ ಕೂತಳು. ಭಾವ ಮುಂದೆ, ಎಡಗಡೆಯ ಸೀಟಿನಲ್ಲಿ.

ಶೃಂಗವರಪುಕೋಟೆಯವರೆಗೆ ಬಯಲು. ಆಮೇಲೆ ಘಾಟಿ ಶುರುವಾಗುತ್ತದೆ. ಬಿಸಿಲು ಏರಿದ್ದರೂ ತಿರುವುಗಳಲ್ಲಿ ಮಂಜು ಮುಸುಕಿಯೇ ಇತ್ತು. ಸರ್ಕಾರಿ ಬಸ್ಸೊಂದು ಮಂಜಿನಿಂದ ಮೈಮೇಲೆ ಬಂದಂತೆ ಬಂದಾಗ ನಾನು ಬ್ರೇಕ್ ಒತ್ತಿ ಗಾಡಿ ಆರಿಸಿಬಿಟ್ಟೆ.

"ಹ್ಯಾಂಡ್ ಬ್ರೇಕ್ ಹಾಕು. ಗಾಬರಿ ಬ್ಯಾಡ. ಈಗ ಫಸ್ಟ್ ಗೇರು," ಎಂದರು. ಅಲ್ಲಿಂದ ಮುಂದೆ ಅವರ ಮಾತು ಶುರುವಾಯಿತು. "ಇದಾದ ಮೇಲೆ ಎಡಕ್ಕೆ ಕಡಿದಾದ ತಿರುವು. ಹಾರ್ನ್ ಮಾಡು. ಎರಡನೇ ಗೇರಲ್ಲೇ ಇರ್ಲಿ." ಅವರು ಹೇಳಿದ ಕಡೆಯಲ್ಲೇ ತಿರುವು ಬರುತ್ತಿತ್ತು. ಅನಂತಗಿರಿಯ ಕಾಫಿ ತೋಟದ ಬಳಿ ಕನ್ನಡಿಯಲ್ಲಿ ನೋಡಿದೆ. ಅಕ್ಕ ಅಮ್ಮನ ಭುಜಕ್ಕೆ ಒರಗಿ ಬಾಯಿ ತೆರೆದು ಮಲಗಿದ್ದಳು. ಗಾಳಿಕೊಂಡದ ನೋಟದ ಕಟ್ಟೆಯಲ್ಲಿ ಎಲ್ಲರೂ ಇಳಿದರೂ ಅವಳನ್ನು ಯಾರೂ ಎಬ್ಬಿಸಲಿಲ್ಲ. ಭಾವ ಕಟ್ಟೆಯ ಮೇಲೆ ಕೈಯೂರಿ ತಲೆಯನ್ನು ತೀರಾ ಎಡಕ್ಕೆ ತಿರುಗಿಸಿ, ಅಲ್ಲಿಂದ ಬಲಕ್ಕೆ ನಿಧಾನವಾಗಿ ತರುತ್ತ ಬೆಟ್ಟದ ಸಾಲು ನೋಡಿದರು. ಮುಗಿದ ಮೇಲೆ ಮತ್ತೆ ಎಡದಿಂದ ಆರಂಭಿಸಿದರು.

ಅರಕುವಿನಲ್ಲಿ ಹುಚ್ಚೆಳ್ಳು ಹೂಬಿಟ್ಟು ಹೊಲಗಳೆಲ್ಲ ಹಳದಿಯಾಗಿದ್ದವು. ರಸ್ತೆಬದಿಯಲ್ಲಿ ಬಿದಿರಿನ ಬೊಂಬಿನೊಳಗೆ ಕೋಳಿ ತುಂಬಿ ಸುಡುತ್ತಿದ್ದರು. ಶ್ರೀನಿವಾಸ್ ನಮ್ಮಿಂದ ದೂರ ಹೋಗಿ ತಿಂದು ಬಂದರು. ಮಾಂಸ ತಿನ್ನದ ನಾವು ಅನ್ನ, ಪಪ್ಪು ಎನ್ನುವ ತೊವ್ವೆ, ಪುಂಡಿಸೊಪ್ಪಿನ ಗೊಂಗೂರ ಪಚ್ಚಡಿ ಸಿಗುವ ಕಡೆ ಕೂತೆವು.

"ಬೆನ್ನಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಕಳಪ್ಪ," ಎಂದಳು ಅಮ್ಮ.

ಭಾವ ಕಲಸುತ್ತಿದ್ದ ಅನ್ನವನ್ನು ಬಿಟ್ಟರು. "ಬೆನ್ನಲ್ಲ ಅತ್ತೆ. ಕಣ್ಣು." ಆಮೇಲೆ ಎಲ್ಲವನ್ನೂ ಹೇಳಿದರು. ಡಾಕ್ಟರು ಕಾರು ಬಿಡಿ ಎಂದದ್ದನ್ನೂ ಬಚ್ಚಿಡಲಿಲ್ಲ.

ಅಮ್ಮ ಕೈ ತೊಳೆಯುವ ನೀರಿನಲ್ಲಿ ಬೆರಳಾಡಿಸುತ್ತ ಕೂತಳು. ಮಾತಾಡಿದವನು ಮಂಜು.

"ನನ್ನ ಮಕ್ಕಳು ಆ ಕಾರಲ್ಲಿ ಇದ್ರು ಭಾವ."

"ಹೌದು."

"ಹೆಂಡ್ತೀನೂ ಇದ್ಲು. ಅಮ್ಮನೂ ಇದ್ಲು."

"ಹೌದು ಮಂಜು," ಎಂದರು ಭಾವ.

ಮಂಜು ಎದ್ದು ಹೋದ. ಬೊರ್ರಾ ಗುಹೆಗಳಲ್ಲೂ ಅವನು ಬೇರೆಯಾಗಿಯೇ ನಡೆದ. ಇಳಿಯುವಾಗ ಮಕ್ಕಳನ್ನು ಸಣ್ಣ ಕಾರಿಗೆ ಹತ್ತಿಸಿಕೊಂಡ, ದೊಡ್ಡ ಕಾರನ್ನು ನಾನೇ ಓಡಿಸುತ್ತಿದ್ದರೂ. ಅವನ ಸಿಟ್ಟು ತಪ್ಪೆಂದು ನನಗೆ ಅನ್ನಿಸಲಿಲ್ಲ. ಆ ರಾತ್ರಿ ಟೌನ್‌ಶಿಪ್ಪಿನ ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಬೇಗ ಮಲಗಿದೆವು.

ಬೆಳಿಗ್ಗೆ ಬೆಜವಾಡಕ್ಕೆ ಹೊರಟೆವು. ಅಕ್ಕ ಬುತ್ತಿ ಕಟ್ಟಿ ಹಿಂದಿನ ಸೀಟಿಗಿಟ್ಟಳು. ಮುಂದಿನ ಸೀಟಿಗೆ ಅಮ್ಮ ಬಂದು ಕೂತಳು. ಭಾವ ಗೇಟಿನ ಹತ್ತಿರ ನಿಂತಿದ್ದರು. ಸಾಮಾನು ಇಟ್ಟು ಮುಗಿಸಿದ ಮಂಜು ಅವರ ಎಡಗಡೆಯಿಂದ ಬಂದು ನಿಂತ. ಏನೋ ಹೇಳಬೇಕೆಂದು ಬಂದವನಂತೆ ಕಂಡ. ಭಾವ ಎದುರಿಗೆ ನೋಡುತ್ತಲೇ ಇದ್ದರು, ಅವನು ಬಂದದ್ದು ಗೊತ್ತಾಗಲಿಲ್ಲ. ಮಂಜು ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಅವರ ಮುಖವನ್ನು ನೋಡಿದ. ಆಮೇಲೆ ಬಳಸಿಕೊಂಡು ಅವರ ಬಲಕ್ಕೆ ಬಂದ.

"ಬರ್ತೀವಿ ಭಾವ," ಎಂದ.

ಭಾವ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಎಂಜಿನ್ ಚಾಲೂ ಮಾಡಿ, ಅವನು ಆ ಕೈ ಬಿಡಿಸಿಕೊಳ್ಳುವವರೆಗೆ ಕಾದೆ. ಅವನು ಬಿಡಿಸಿಕೊಳ್ಳಲು ಆತುರಪಡಲಿಲ್ಲ.