ಅಕ್ಕ ನುಂಗದ ಗುಳಿಗೆ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಅಕ್ಕ ಕುತ್ತಿಗೆ ಕೆರೆದುಕೊಂಡಳು. ಕೊಪ್ಪಳದ ಆಸ್ಪತ್ರೆಯ ಗಡಿಯಾರ ಅವಳ ಮಂಚದ ಎದುರಿಗೇ ಇತ್ತು. ಸೊಳ್ಳೆ ಕಚ್ಚಿತೇನೋ ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ ತುಟಿ ಊದಿಕೊಂಡಿತ್ತು.

ಅವಳ ಕ್ಯಾನ್ಸರಿಗೆ ಕೊಡುತ್ತಿದ್ದುದು ಇನ್ನೂ ಪ್ರಯೋಗದ ಹಂತದಲ್ಲಿದ್ದ ಚಿಕಿತ್ಸೆ. ಬೇರೆ ಔಷಧಗಳೆಲ್ಲ ಸೋತ ಮೇಲೆ ಉಳಿದದ್ದು ಇದೊಂದೇ. ಡಾಕ್ಟರು ಬಿಡಿಸಿ ಹೇಳಿದ್ದರು: ಒಂದು ಇಂಜೆಕ್ಷನ್ನಿನಲ್ಲಿ ರೋಗನಿರೋಧಕ ಪ್ರೋಟೀನು, ಅದು ಕ್ಯಾನ್ಸರ್ ಕೋಶಕ್ಕೆ ಅಂಟಿ ಕೊಲ್ಲುತ್ತದೆ. ಇನ್ನೊಂದರಲ್ಲಿ ಕುರಿಯ ಅಂಗದಿಂದ ತೆಗೆದ ಕಿಣ್ವ, ಅದು ಗಡ್ಡೆಯನ್ನು ಸಡಿಲಿಸಿ ಪ್ರೋಟೀನಿಗೆ ದಾರಿ ಬಿಡುತ್ತದೆ. ಪ್ರಾಣಿಯದಾದ್ದರಿಂದ ಮೈಗೆ ಒಗ್ಗದಿರಬಹುದು, ಅದಕ್ಕೆ ಇಂಜೆಕ್ಷನ್ನಿನ ದಿನ ಬೆಳಿಗ್ಗೆ ಮನೆಯಲ್ಲೇ ಎರಡು ಗುಳಿಗೆ ತಪ್ಪದೆ ನುಂಗಬೇಕು.

ಕುರಿ ಎಂದಾಗಲೇ ಅಕ್ಕ ಕೊರಳಿನ ಲಿಂಗ ಮುಟ್ಟಿಕೊಂಡಿದ್ದಳು. ಊರಿಗೆ ಮರಳುವಾಗ ಕುಕನೂರಿನ ಬಸ್ಸಿನಲ್ಲಿ ಅವಳ ಗಂಡ, ನಮ್ಮ ಮಾವ, ನಗಿಸಲು ನೋಡಿದರು.

"ಮೊಟ್ಟಿ ಹಾಕಿದ ಕೇಕ್ ಸೈತ ಮುಟ್ಟದಾಕಿ, ಈಗ ಕುರೀನ ಮೈಯಾಗ ಬಿಟ್ಕೊಳ್ಳಾಕತ್ತಿ."

"ನೀವು ಸಂತಿಗೆ ಹೋದಾಗ ಕದ್ದು ತಿಂತೀರಲ್ರಿ, ಅದರ ಪಾಪ ನನ್ನ ಹಿಡದೈತಿ."

ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ನರ್ಸು "ಗುಳಿಗಿ ತಗೊಂಡೀರೇನ್ರಿ?" ಎಂದಾಗ "ಹೂಂರಿ" ಎಂದಳು. ಆಮೇಲೆ ಆ ಕೆರೆತ. ಉಸಿರಿನಲ್ಲಿ ಸೀಟಿಯಂಥ ಸದ್ದು. ನರ್ಸು ತೊಡೆಗೆ ಸೂಜಿ ಚುಚ್ಚಿದರು, ಆಕ್ಸಿಜನ್ ಹಾಕಿದರು. ನಾನು ಅವಳ ತಣ್ಣಗಾದ ಪಾದ ಹಿಡಿದು ನಿಂತಿದ್ದೆ. ಈಗಲೂ ಯಾರಾದರೂ ಕುತ್ತಿಗೆ ಕೆರೆದುಕೊಂಡರೆ ನನ್ನ ಕೈ ತಣ್ಣಗಾಗುತ್ತದೆ.

ಸಂಜೆ ದನಿ ಬಂದ ಮೇಲೆ ಅಕ್ಕ ಸೆರಗಿನ ಗಂಟು ಬಿಚ್ಚಿದಳು. ಎರಡೂ ಗುಳಿಗೆ ಅಲ್ಲೇ ಇದ್ದವು.

"ಕುರಿ ಮೈಯಾಗ ಹೋಗೋ ದಿನ, ಮನಿಗೆ ಬಂದು ಜಳಕಾ ಮಾಡಿ ಪೂಜಿ ಮುಗಿಸೂತನಕ ಬಾಯಾಗ ನೀರೂ ಹಾಕೂದಿಲ್ಲಂತ ನೇಮ ಹಿಡಿದಿದ್ನಿ. ಹೋದ ಸಲಾನೂ ನುಂಗಿರಲಿಲ್ಲ. ಏನಾತು ಆವಾಗ?"

ಮಾವ ಕಿಟಕಿಯ ಕಡೆ ತಿರುಗಿದರು. ನುಂಗಿದ್ದರೂ ಹೀಗಾಗಬಹುದಿತ್ತು, ಆಗದೆಯೂ ಇರಬಹುದಿತ್ತು ಎಂದರು ಡಾಕ್ಟರು. ಇನ್ನು ಆ ಕುರಿಯ ಇಂಜೆಕ್ಷನ್ ಕೊಡುವಂತಿಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳಿದರು.

"ಇನ್ನ ಕುರಿ ಇಲ್ಲೇನು?" ಎಂದಳು.

"ಇಲ್ಲಕ್ಕ."

"ಛಲೋ ಆತು ಬಿಡು," ಎಂದು ಗೋಡೆಯತ್ತ ಮಗ್ಗಲಾದಳು.

ಮನೆಯಲ್ಲಿ ಗಡ್ಡೆಯ ನೋವು ಅವಳನ್ನು ಮಲಗಗೊಡಲಿಲ್ಲ, ಅವಳ ಉಸಿರಿನ ಭಯ ನನ್ನನ್ನು. ಕೊನೆಗೆ ಆಸ್ಪತ್ರೆಯವರು ಮಾರ್ಫಿನ್ ಗುಳಿಗೆ ಕೊಟ್ಟರು. ಮರುದಿನ ಬೆಳಿಗ್ಗೆ, ಜಳಕವೂ ಆಗಿರಲಿಲ್ಲ, ಅಕ್ಕ ಅದಕ್ಕಾಗಿ ಕೈಚಾಚಿದಳು.

"ಪೂಜಿ?" ಎಂದರು ಮಾವ.

"ಆಮ್ಯಾಲ ನೋಡೂಣಂತ. ಮೊದಲ ಅದನ್ನ ಕೊಡ್ರಿ."

ಆ ದಿನ ಅವಳು ಪೂಜೆಗೆ ಕೂರಲಿಲ್ಲ. ರಾತ್ರಿ ಮೂವರೂ ಬೆಳಗಾಗುವತನಕ ನಿದ್ದೆ ಮಾಡಿದೆವು.