ಕುರ್ಚಿ ತಂದವಳ ಓಟು

ಆರ್ಲಿಸ್ ಹೌಗನ್‌ಗೆ ಕೇಕ್ ತಟ್ಟೆಗಳ ಹುಚ್ಚು ಹಿಡಿದಿದೆ ಎಂದು ನಾವೆಲ್ಲ ನಂಬಿದ್ದ ಕಾಲವೊಂದಿತ್ತು. ಆಗಾಗ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಉದ್ದನೆಯ ತಗಡಿನ ತಟ್ಟೆಯೊಂದನ್ನು ಕೊಂಡು ತರುವಳು, ಅದರ ತಳಕ್ಕೆ ಬಿಳಿ ಪಟ್ಟಿ ಅಂಟಿಸಿ ತನ್ನ ಹೆಸರು ಬರೆಯುವಳು. ನಮ್ಮ ಟರ್ಟಲ್ ಫೋರ್ಕ್ ಊರಿನಲ್ಲಿ ಎಲ್ಲ ಹೆಂಗಸರ ತಟ್ಟೆಗಳಿಗೂ ಹೀಗೆ ಹೆಸರಿರುತ್ತದೆ. ಚರ್ಚಿನ ಊಟಕ್ಕೋ ಸಾವಿನ ಮನೆಗೋ ಹೋದ ತಟ್ಟೆ ತಿರುಗಿ ಮನೆ ಸೇರಬೇಕಲ್ಲ. ಆರ್ಲಿಸ್‌ಳ ತಟ್ಟೆಗಳು ಮಾತ್ರ ಹೋದವು ಎಂದರೆ ಹೋದವೇ.

"ಕೇಕ್ ಜೊತೆ ತಟ್ಟೆನೂ ತಿಂತೀಯೇನೇ?" ಎಂದು ನಾನೊಮ್ಮೆ ಕೇಳಿದೆ. ಅವಳು ನನ್ನ ಸಲೂನಿನಲ್ಲಿ ಕೂತು ಕೂದಲಿಗೆ ಸುರುಳಿ ಹಾಕಿಸಿಕೊಳ್ಳುತ್ತಿದ್ದಳು.

"ನೀನು ಬಾಯಿ ಮುಚ್ಕೊಂಡು ಸುರುಳಿ ಹಾಕು, ರಾಕ್ಸಿ," ಅಂದಳು.

ನಾನು ಈ ಊರಿನ ಹೆಂಗಸರ ಕೂದಲು ಕತ್ತರಿಸುವವಳು. ಕೂದಲು ಉದುರುವ ಕಡೆ ಸುದ್ದಿಯೂ ಉದುರುತ್ತದೆ, ಎರಡನ್ನೂ ಸಂಜೆ ಗುಡಿಸುತ್ತೇನೆ. ಯಾರ ಮಗಳು ಯಾರ ಟ್ರಕ್ಕಿನಲ್ಲಿ ಕೂತಳು ಎನ್ನುವುದು ಆ ಮಗಳ ತಾಯಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಅಂಥ ನನಗೂ ತಟ್ಟೆಗಳ ಗುಟ್ಟು ತಿಳಿಯಲಿಲ್ಲ ಎನ್ನುವುದು ನನಗೆ ಇವತ್ತಿಗೂ ಅವಮಾನವೇ.

ಆರ್ಲಿಸ್ ಊರಾಚೆಯ ಹಂದಿ ಸಾಕಣೆಯ ಮನೆಯಲ್ಲಿ ಹುಟ್ಟಿದವಳು. ಹಾರ್ಲನ್‌ನನ್ನು ಮದುವೆಯಾಗಿ ಊರೊಳಗೆ ಬಂದಳು. ಕೈಕಾಲು ಗಟ್ಟಿಯಿರುವವರೆಗೂ ಶಾಲೆಯ ಅಡುಗೆಮನೆಯಲ್ಲಿ ದುಡಿದಳು. ಈ ಊರಿನ ಬ್ಯಾಂಕ್ ಮ್ಯಾನೇಜರು, ಪೊಲೀಸಿನವನು, ನಾನು, ಎಲ್ಲರೂ ಅವಳ ಸೌಟಿನಿಂದ ಉಂಡವರೇ. ಯಾರಿಗೆ ಬಟಾಣಿ ಸೇರದು, ಯಾರ ಮನೆಯಲ್ಲಿ ರಾತ್ರಿ ಒಲೆ ಹಚ್ಚಿಲ್ಲ ಎನ್ನುವುದು ಮುಖ ನೋಡಿದರೇ ಅವಳಿಗೆ ಗೊತ್ತಾಗುತ್ತಿತ್ತು. ನನ್ನ ಅಪ್ಪ ಕುಡಿದು ಮಲಗಿದ ದಿನಗಳಲ್ಲಿ ನನ್ನ ತಟ್ಟೆಗೆ ಇನ್ನೊಂದು ಸೌಟು ಬೀಳುತ್ತಿತ್ತು. ಒಂದು ಮಾತೂ ಆಡುತ್ತಿರಲಿಲ್ಲ. ಆ ಋಣ ನನ್ನ ಮೇಲೆ ಇದೆ, ಇರಲಿ ಎಂದೇ ನನ್ನ ಆಸೆ.

ಪಾರ್ಟಿ ಎಂದರೆ ಅವಳಿಗೆ ಚರ್ಚಿನ ಹಾಗೆ. ಪಾದ್ರಿ ಬದಲಾಗಬಹುದು, ತಾನು ಕೂರುವ ಬೆಂಚು ಬದಲಾಗಬಾರದು. ಅವಳ ಅಪ್ಪ ಯಾವ ಪಾರ್ಟಿಗೆ ಓಟು ಹಾಕುತ್ತಿದ್ದನೋ ಅದಕ್ಕೇ ಅವಳೂ. ಆದರೆ ಅಧ್ಯಕ್ಷ ಚುನಾವಣೆಗೆ ಪಾರ್ಟಿಯಿಂದ ಯಾರನ್ನು ನಿಲ್ಲಿಸಬೇಕು ಎನ್ನುವುದು ಬೇರೆ ಮಾತು. ಜಗಳವೆಲ್ಲ ಹುಟ್ಟುವುದು ಅಲ್ಲೇ.

ಬೇರೆ ರಾಜ್ಯದವರು ಪರದೆಯ ಹಿಂದೆ ಹೋಗಿ ಗುಟ್ಟಾಗಿ ಓಟು ಹಾಕಿ ಬರುತ್ತಾರೆ. ಪುಣ್ಯವಂತರು. ನಮ್ಮ ಐಯೋವಾ ರಾಜ್ಯದಲ್ಲಿ ಆಗ ಗುಟ್ಟೆಂಬುದೇ ಇರಲಿಲ್ಲ. ಜನವರಿಯ ಚಳಿಯಲ್ಲಿ ಊರವರೆಲ್ಲ ಶಾಲೆಯ ಬಾಸ್ಕೆಟ್‌ಬಾಲ್ ಹಾಲಿನಲ್ಲಿ ಸೇರಬೇಕು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ನಿಮ್ಮವರ ಮೂಲೆಗೆ ನಡೆದುಹೋಗಿ ಎಲ್ಲರ ಕಣ್ಣೆದುರು ನಿಲ್ಲಬೇಕು. ಬಂದವರಲ್ಲಿ ನೂರಕ್ಕೆ ಹದಿನೈದು ಜನರಾದರೂ ನಿಲ್ಲದ ಮೂಲೆಗೆ ಸೊನ್ನೆ. ಮೊದಲ ಎಣಿಕೆ ಆದ ಮೇಲೆ ಅರ್ಧ ಗಂಟೆ ಬಿಡುವು. ಆ ಹೊತ್ತಿನಲ್ಲಿ ಆ ಮೂಲೆಯವರನ್ನು ಈ ಮೂಲೆಯವರು ಪುಸಲಾಯಿಸಬಹುದು, ಕಾಡಬಹುದು, ಕೇಕ್ ತಿನ್ನಿಸಬಹುದು. ಆಮೇಲಿನ ಎಣಿಕೆಯೇ ಕೊನೆ. ಆ ಲೆಕ್ಕದ ಮೇಲೆ ಯಾವ ಮೂಲೆಗೆ ಎಷ್ಟು ಪ್ರತಿನಿಧಿಗಳು ಎಂದು ಹಂಚುತ್ತಾರೆ, ಅವರು ಮುಂದೆ ಪಾರ್ಟಿಯ ದೊಡ್ಡ ಸಭೆಯಲ್ಲಿ ತಮ್ಮ ಅಭ್ಯರ್ಥಿಯ ಪರ ನಿಲ್ಲುತ್ತಾರೆ. ಗಂಡನ ಎದುರು ಹೆಂಡತಿ, ಹಲ್ಲಿನ ಡಾಕ್ಟರ ಎದುರು ರೋಗಿ ನಿಂತಿದ್ದನ್ನು ನೋಡಿದ್ದೇನೆ. ಮಾರನೆಯ ದಿನ ಅದೇ ರೋಗಿ ಅದೇ ಡಾಕ್ಟರ ಮುಂದೆ ಬಾಯಿ ತೆರೆಯಬೇಕು!

ನಾನು ಹೇಳಹೊರಟಿರುವ ಸಭೆಗೂ ಹಿಂದಿನ ಸಲ, ನಾಲ್ಕು ವರ್ಷ ಮುಂಚೆ ನಡೆದ ಅಂಥದೇ ಸಭೆಯಲ್ಲಿ ಆರ್ಲಿಸ್‌ಗೂ ಡೆಲ್ಮರ್ ಪ್ರೂಸ್‌ಗೂ ಮಾತು ಕಡಿದುಹೋಯಿತು. ಡೆಲ್ಮರ್ ಮಾಂಸದ ಕಾರ್ಖಾನೆಯಲ್ಲಿ ಕಾರ್ಮಿಕರ ಮುಖಂಡನಾಗಿದ್ದವನು, ಹಾರ್ಲನ್‌ನ ಜೀವದ ಗೆಳೆಯ. ಹಾರ್ಲನ್ ತೀರಿಕೊಂಡ ಮೇಲೆ ಪ್ರತಿ ಚಳಿಗಾಲ ಆರ್ಲಿಸ್‌ಳ ಮನೆಯ ದಾರಿಯ ಹಿಮವನ್ನು ಟ್ರ್ಯಾಕ್ಟರಿನಿಂದ ತಳ್ಳಿಕೊಡುತ್ತಿದ್ದವನು. ಅಂದು ಅವಳು ನಿಂಬೆ ಕೇಕಿನ ತಟ್ಟೆ ಹಿಡಿದು ಓಡಾಡಿ, ಯಾವ ಮೂಲೆಗೂ ಸೇರದೆ ಉಳಿದಿದ್ದವರನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಳು. ಡೆಲ್ಮರ್‌ನ ಅಭ್ಯರ್ಥಿ ಕೂದಲೆಳೆಯಲ್ಲಿ ಸೋತ.

"ಕೇಕ್ ತಿನ್ಸಿ ಓಟು ಕಿತ್ಕೊಂಡೆ ನೀನು," ಎಂದು ಡೆಲ್ಮರ್ ಇಡೀ ಹಾಲಿಗೆ ಕೇಳುವಂತೆ ಕೂಗಿದ. "ಹಾರ್ಲನ್ ಇದ್ದಿದ್ರೆ ನಾಚ್ಕೊಂಡು ಸಾಯ್ತಿದ್ದ!"

"ಹಾರ್ಲನ್ ಇದ್ದಿದ್ರೆ ನನ್ನ ಪಕ್ಕ ನಿಂತಿರ್ತಿದ್ದ. ನಿನ್ನ ಪಕ್ಕ ಅಲ್ಲ," ಅಂದಳು ಆರ್ಲಿಸ್.

ಅಷ್ಟೇ ಸಾಕಾಯಿತು. ನವೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ಎದುರು ಪಾರ್ಟಿ ಗೆದ್ದಾಗ ಇವರು ಅವರನ್ನು ಬೈದರು, ಅವರು ಇವರನ್ನು ಬೈದರು. ಚರ್ಚಿನಲ್ಲಿ ನಡುವಿನ ಹಾದಿಯ ಆಚೆ ಡೆಲ್ಮರ್‌ನ ಕಡೆಯವರು, ಈಚೆ ಆರ್ಲಿಸ್‌ಳ ಕಡೆಯವರು. ಗೆದ್ದವರ ಮೇಲಿಲ್ಲದ ಸಿಟ್ಟು ಒಬ್ಬರ ಮೇಲೊಬ್ಬರಿಗೆ. ಆದರೂ ಹಿಮ ಬಿದ್ದ ಬೆಳಿಗ್ಗೆ ಡೆಲ್ಮರ್‌ನ ಟ್ರ್ಯಾಕ್ಟರ್ ಆರ್ಲಿಸ್‌ಳ ದಾರಿಗೆ ಬರುತ್ತಿತ್ತು. ಮನೆಯ ಕಡೆ ತಲೆ ಎತ್ತಿ ನೋಡದೆ, ಕೈ ಬೀಸದೆ ಹಿಮ ತಳ್ಳಿ ಹೋಗುತ್ತಿದ್ದ. ಮಾತು ಬಿಟ್ಟಿದ್ದ, ಕೆಲಸ ಬಿಟ್ಟಿರಲಿಲ್ಲ. ಇಂಥ ಮೊಂಡರ ನಡುವೆ ನಾನು ಬಾಳಿದ್ದೇನೆ.

ಆಮೇಲೆ ಆ ಪ್ರವಾಹ ಬಂತು. ವಸಂತದಲ್ಲಿ ಹೊಳೆ ಉಕ್ಕಿ ತಗ್ಗಿನ ಬೀದಿಗಳ ನೆಲಮಾಳಿಗೆಗಳೆಲ್ಲ ಕೆಸರು ತುಂಬಿಕೊಂಡವು. ಪಕ್ಕದ ರಾಜ್ಯದ ಚರ್ಚೊಂದರಿಂದ ವ್ಯಾನಿನಲ್ಲಿ ಕೆಲವರು ಬಂದಿಳಿದರು. ಅವರಲ್ಲಿ ರಬ್ಬರ್ ಬೂಟು ಹಾಕಿದ ಒಬ್ಬ ಉದ್ದನೆಯ ಹೆಂಗಸು ಆರ್ಲಿಸ್‌ಳ ನೆಲಮಾಳಿಗೆಗೆ ಇಳಿದಳು. ವಾರವಿಡೀ ಬಕೆಟ್ಟಿನಲ್ಲಿ ಕೆಸರು ಹೊತ್ತಳು. ಹಾರ್ಲನ್‌ನ ಅಕಾರ್ಡಿಯನ್ ವಾದ್ಯ ಕೆಸರಿನಲ್ಲಿ ಸಿಕ್ಕಿದಾಗ ಆರ್ಲಿಸ್ ಮೆಟ್ಟಿಲ ಮೇಲೆ ಕೂತು ಅತ್ತಳು. ಆ ಹೆಂಗಸು ಹಳೆಯ ಹಲ್ಲುಜ್ಜುವ ಬ್ರಷ್ ಕೇಳಿ ತೆಗೆದುಕೊಂಡು ಅದರ ಗುಂಡಿಗಳನ್ನು ಒಂದೊಂದಾಗಿ ತೊಳೆದಳು. ನನ್ನ ಸಲೂನಿನ ಗೋಡೆ ಉಜ್ಜಿದ್ದೂ ಅವಳೇ. ಅವಳು ಆ ರಾಜ್ಯದ ಗವರ್ನರ್ ಆಗಿದ್ದವಳು ಎಂದು ನಮಗೆ ಗೊತ್ತಾದದ್ದು ಅವಳು ಅಧ್ಯಕ್ಷ ಸ್ಥಾನಕ್ಕೆ ನಿಂತು, ಟಿವಿಯಲ್ಲಿ ಮುಖ ಬಂದಾಗಲೇ. ಹೆಸರು ಕಿಟ್ರೆಜ್.

ಟಿವಿಯವರು ಅವಳನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಎಲ್ಲೆಲ್ಲೂ ಸೆನೆಟರ್ ಮಲೋಯ್‌ನದೇ ಮಾತು. ಡೆಲ್ಮರ್ ಮತ್ತು ಅವನ ಕಾರ್ಖಾನೆಯವರೆಲ್ಲ ಮಲೋಯ್ ಕಡೆ. ನಿಜ ಹೇಳಬೇಕೆಂದರೆ ನಾನೂ ಅವನ ಕಡೆಯೇ. ಗೆಲ್ಲುವ ಕುದುರೆ ಯಾರಿಗೆ ಬೇಡ?

"ಅವಳು ಗೆಲ್ಲಲ್ಲ ಕಣೇ, ಆರ್ಲಿಸ್," ಅಂದೆ ನಾನು. "ಸುಮ್ನೆ ಯಾಕೆ ಕಾಲು ಸವೆಸ್ಕೊಂಡು ಮನೆ ಮನೆ ಅಲೀತೀಯ?"

"ಗೆಲ್ಲಲ್ಲ ಅಂತ ನಂಗೂ ಗೊತ್ತು," ಅಂದಳು. "ಆದ್ರೆ ನಮ್ಮ ಮನೆ ಕೆಸರು ಹೊತ್ತೋಳಿಗೆ ನಮ್ಮೂರಲ್ಲೇ ಸೊನ್ನೆ ಅಂತ ಬರಬಾರದು. ಅಷ್ಟೇ ನಂಗೆ ಬೇಕಾಗಿರೋದು."

ಅದೊಂದಕ್ಕೇ ಅವಳು ಆ ಚಳಿಗಾಲವೆಲ್ಲ ನಡೆದಳು.

ಸಭೆಯ ಸಂಜೆ ಮೊದಲ ಎಣಿಕೆಯಲ್ಲಿ ಕಿಟ್ರೆಜ್‌ಳ ಮೂಲೆಯಲ್ಲಿ ಬೆರಳೆಣಿಕೆಯ ಮುದುಕಿಯರಿದ್ದರು. ಬಿಡುವಿನಲ್ಲಿ ಆರ್ಲಿಸ್ ಕೇಕ್ ತಟ್ಟೆ ಎತ್ತಿಕೊಂಡಳು. ನನ್ನ ಮುಂದೆ ಬಂದು ನಿಂತಳು.

"ನಿನ್ನ ಸಲೂನಿನ ಗೋಡೆ ಉಜ್ಜಿದ್ದು ಮಲೋಯ್‌ನೇನೇ?"

"ಎಲ್ಲರ ಮುಂದೆ ಮಾನ ಕಳೀಬೇಡ. ಬರ್ತೀನಿ, ನಡಿ," ಎಂದು ಒಂದು ತುಂಡು ಕೇಕ್ ಬಾಯಿಗೆ ಹಾಕಿಕೊಂಡು ಅವಳ ಹಿಂದೆ ಹೋದೆ. ನನ್ನ ಹಿಂದೆ ತಗ್ಗಿನ ಬೀದಿಯ ಇನ್ನೂ ಕೆಲವರು ಬಂದರು. ಕೊನೆಗೆ ಸರಿಯಾಗಿ ಬೇಕಾದಷ್ಟೇ ಜನ ಆದೆವು. ಒಬ್ಬರೂ ಹೆಚ್ಚಿರಲಿಲ್ಲ. ಆರ್ಲಿಸ್ ನಮ್ಮನ್ನು ನೋಡಿ, ಶಾಲೆಯ ಮಕ್ಕಳೆಲ್ಲ ಉಂಡು ಮುಗಿಸಿದಾಗ ನಗುತ್ತಿದ್ದ ಹಾಗೆ ನಕ್ಕಳು.

ಸಭೆ ನಡೆಸುತ್ತಿದ್ದವನು ಶಾಲೆಯ ಬ್ಯಾಂಡ್ ಮೇಷ್ಟ್ರು ಓರಿನ್. ಒಬ್ಬೊಬ್ಬರ ಭುಜ ಮುಟ್ಟಿ ಎಣಿಸುವುದು ಅವನ ಪದ್ಧತಿ. ಕೊನೆಯ ಎಣಿಕೆಯನ್ನು ಅವನು ಮಲೋಯ್‌ನ ಮೂಲೆಯಿಂದ ಶುರುಮಾಡಿದ. ಅದೇ ಹೊತ್ತಿಗೆ ಆರ್ಲಿಸ್ ಅತ್ತ ನೋಡಿದಳು. ಡೆಲ್ಮರ್ ಗೋಡೆಗೆ ಒರಗಿ ನಿಂತಿದ್ದ. ಮೊಣಕಾಲಿನ ಆಪರೇಷನ್ ಆಗಿ ಹೆಚ್ಚು ದಿನವಾಗಿರಲಿಲ್ಲ. ಮುಖ ಬೂದಿಯಾಗಿತ್ತು. ಕೂರಬೇಕು ಎಂದು ಯಾರನ್ನಾದರೂ ಕೇಳುವ ಜಾತಿಯವನಲ್ಲ. ಅವನ ಸುತ್ತ ನಿಂತವರೆಲ್ಲ ಓರಿನ್‌ನ ಬೆರಳನ್ನೇ ನೋಡುತ್ತಿದ್ದರು.

"ಈಗ್ಲೇ ಬಂದೆ," ಅಂದಳು ಆರ್ಲಿಸ್. ವೇದಿಕೆಯ ಪಕ್ಕದಿಂದ ಮಡಚುವ ಕುರ್ಚಿಯೊಂದನ್ನು ಎಳೆದುಕೊಂಡು ಹಾಲಿನ ಆ ತುದಿಗೆ ನಡೆದೇಬಿಟ್ಟಳು.

ಕುರ್ಚಿಯ ಕಾಲು ಬಿಗಿದುಕೊಂಡಿತ್ತು. ಅವಳು ಬಗ್ಗಿ ಅದನ್ನು ಬಿಡಿಸುತ್ತಿದ್ದಾಗ ಓರಿನ್ ಅವಳ ಭುಜವನ್ನೂ ಮುಟ್ಟಿ ಮುಂದೆ ಹೋದ. ಅವಳಿಗೆ ತಿಳಿಯಲೇ ಇಲ್ಲ. ಕುರ್ಚಿ ಬಿಚ್ಚಿದ ಮೇಲೆ ಡೆಲ್ಮರ್ ಕೂರಲೊಲ್ಲ. ಇವಳು ಬಿಡಲೊಲ್ಲಳು. ಇಬ್ಬರೂ ಬಾಯಿ ಬಿಡದೆ, ಇವಳು ಅವನ ತೋಳು ಹಿಡಿದು ಕೆಳಗೆ ಜಗ್ಗುವುದು, ಅವನು ತಲೆ ಅಲ್ಲಾಡಿಸುವುದು. ಅಂತೂ ಅವನು ಕೂತ. ಅಷ್ಟರಲ್ಲಿ ಓರಿನ್ ನಮ್ಮ ಮೂಲೆಗೂ ಬಂದು ಎಣಿಸಿ ಮುಗಿಸಿದ್ದ.

"ಕಿಟ್ರೆಜ್‌ಗೆ ಒಬ್ಬರು ಕಮ್ಮಿ," ಎಂದು ಕೂಗಿದ. "ಆ ಮೂಲೆಗೆ ಏನೂ ಇಲ್ಲ. ಮಲೋಯ್‌ಗೆ ಒಬ್ಬ ಪ್ರತಿನಿಧಿ ಜಾಸ್ತಿ."

ಆ ಮೂಲೆಯವರು ಹೋ ಎಂದು ಕೂಗಿದರು. ಆರ್ಲಿಸ್ ವಾಪಸು ಬರುತ್ತಿದ್ದವಳು ಹಾಲಿನ ನಟ್ಟನಡುವೆ, ಬಾಸ್ಕೆಟ್‌ಬಾಲ್ ಆಟದ ದುಂಡು ಗೆರೆಯೊಳಗೆ ನಿಂತುಬಿಟ್ಟಳು.

"ಅವಳು ನಮ್ಮೋಳು!" ಎಂದು ಕಿರುಚಿದೆ. "ಓರಿನ್, ನಿಂಗೇನು ಕಣ್ಣು ಕಾಣಲ್ವಾ?"

ಮಲೋಯ್‌ನ ಪ್ರಚಾರಕ್ಕೆಂದು ಬಾಸ್ಟನ್‌ನಿಂದ ಬಂದಿದ್ದ ಹೆಂಗಸೊಬ್ಬಳು ಕೊರಳಿನ ಗುರುತುಚೀಟಿ ಸರಿಪಡಿಸಿಕೊಂಡು ಮುಂದೆ ಬಂದಳು. "ಎಣಿಸೋವಾಗ ಯಾವ ಮೂಲೆಯಲ್ಲಿ ಇದ್ದರೋ ಆ ಮೂಲೆಯದೇ ಓಟು. ನಿಯಮ ಇರೋದೇ ಹಾಗೆ."

ಓರಿನ್ ಬೆವರಿದ. ಆರ್ಲಿಸ್‌ಳ ಕಡೆ ನೋಡಿದ.

"ಅವರು ಹೇಳೋದು ಸರಿ, ಓರಿನ್," ಅಂದಳು ಆರ್ಲಿಸ್. "ನಾನು ಅಲ್ಲೇ ಇದ್ದೆ. ಯಾರಿಗೂ ತೊಂದರೆ ಬೇಡ."

ಅವಳನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು ನನಗೆ. ಒಂದು ಚಳಿಗಾಲದ ನಡಿಗೆ ಹೋಯಿತು, ಅವಳು ತೊಂದರೆ ಬೇಡ ಅನ್ನುತ್ತಾಳೆ!

ಆಗ ಕುರ್ಚಿ ಕಿರುಗುಟ್ಟಿತು. ಡೆಲ್ಮರ್ ಅದರ ಬೆನ್ನು ಹಿಡಿದು ಎದ್ದು ನಿಂತಿದ್ದ.

"ಓರಿನ್, ನಮ್ಮ ಮೂಲೆ ಲೆಕ್ಕ ತಪ್ಪಿದೆ."

"ಸರ್, ದಯವಿಟ್ಟು," ಎಂದು ಬಾಸ್ಟನ್‌ನವಳು ಅವನ ಕಿವಿಯ ಬಳಿ ಬಗ್ಗಿದಳು. "ನಮ್ಮ ಒಬ್ಬ ಪ್ರತಿನಿಧಿ ಹೋಗ್ತಾರೆ."

"ಹೋಗ್ಲಿ ಬಿಡಮ್ಮ. ಅವಳು ನಮ್ಮ ಕಡೆ ನಿಲ್ಲೋಕೆ ಬಂದಿರ್ಲಿಲ್ಲ. ನಂಗೆ ಕುರ್ಚಿ ತಂದಿದ್ಳು. ಕುರ್ಚಿ ತಂದ್ಕೊಟ್ಟೋರನ್ನ ನಾವು ಓಟಿಗೆ ಎಣಿಸಲ್ಲ. ಈ ಊರಲ್ಲಿ ಎಣಿಸಲ್ಲ."

"ಡೆಲ್ಮರ್, ಹೋದ ಸಲ ಇವಳೇ ಅಲ್ವೇನೋ ನಮ್ಮನ್ನ ಸೋಲಿಸಿದ್ದು?" ಎಂದು ಅವನ ಹಿಂದಿನಿಂದ ಯಾರೋ ಗೊಣಗಿದರು.

"ಹೋದ ಸಲದ್ದು ನಂಗೂ ಅವಳಿಗೂ ಬಿಟ್ಟಿದ್ದು. ನೀನು ತಲೆ ಹಾಕ್ಬೇಡ. ತಿರುಗಿ ಎಣಿಸೋ, ಓರಿನ್."

ಆರ್ಲಿಸ್ ನಮ್ಮ ಮೂಲೆಗೆ ಬಂದು ನನ್ನ ಪಕ್ಕ ನಿಂತಳು. ಓರಿನ್ ಅವಳ ಭುಜ ಮುಟ್ಟಿದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಟರ್ಟಲ್ ಫೋರ್ಕ್‌ನಿಂದ ಗವರ್ನರ್ ಕಿಟ್ರೆಜ್‌ಗೆ ಒಬ್ಬ ಪ್ರತಿನಿಧಿ ಎಂದು ಓದಿ ಹೇಳಿದರು. ಇಡೀ ಜಿಲ್ಲೆಯಲ್ಲಿ ಅವಳಿಗೆ ಸಿಕ್ಕಿದ್ದು ಅದೊಂದೇ.

ಮಾರನೆಯ ದಿನವೇ ಕಿಟ್ರೆಜ್ ಕಣದಿಂದ ಹಿಂದೆ ಸರಿದಳು. ನಾನು ಆರ್ಲಿಸ್‌ಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಟಿವಿಯಲ್ಲಿ ಅವಳು ಯಾರ್ಯಾರಿಗೋ ಧನ್ಯವಾದ ಹೇಳಿದಳು. ನಮ್ಮೂರಿನ ಹೆಸರು ಬರಲಿಲ್ಲ. ನನಗೆ ಸಿಟ್ಟು ಬಂತು.

"ಅವಳ್ಯಾಕೆ ಹೇಳ್ಬೇಕು?" ಅಂದಳು ಆರ್ಲಿಸ್. "ಧನ್ಯವಾದ ಹೇಳ್ಬೇಕಾಗಿದ್ದು ನಾವು. ಹೇಳಿದ್ವಲ್ಲ."

ಅಷ್ಟರಲ್ಲಿ ಹೊರಗೆ ಪಿಕಪ್ ಬಂದು ನಿಂತ ಸದ್ದಾಯಿತು. ಬಾಗಿಲು ತೆರೆದರೆ ಡೆಲ್ಮರ್. ಎದೆಗೊತ್ತಿ ಹಿಡಿದ ತಗಡಿನ ಕೇಕ್ ತಟ್ಟೆಗಳು ಅವನ ಗದ್ದದವರೆಗೆ ಬಂದಿದ್ದವು. ಕುಂಟುತ್ತ ಒಳಗೆ ಬಂದು ಅವನ್ನು ಮೇಜಿನ ಮೇಲಿಟ್ಟ. ಎಲ್ಲವೂ ಫಳಫಳ ತೊಳೆದಿದ್ದವು. ಮೇಲಿನದನ್ನು ನಾನು ತಿರುಗಿಸಿ ನೋಡಿದೆ. ತಳದಲ್ಲಿ ಆರ್ಲಿಸ್‌ಳ ಹೆಸರು.

ಆಗ ನನಗೆ ಎಲ್ಲ ತಿಳಿಯಿತು. ಅವನು ಹಿಮ ತಳ್ಳಿದ ದಿನವೆಲ್ಲ ಇವಳು ಅವನ ಅಂಚೆಪೆಟ್ಟಿಗೆಯ ಮೇಲೆ ಕೇಕ್ ಇಟ್ಟು ಬರುತ್ತಿದ್ದಳು. ಅವನು ತಿನ್ನುತ್ತಿದ್ದ. ತಟ್ಟೆ ವಾಪಸು ಕೊಡಬೇಕಾದರೆ ಬಾಗಿಲು ತಟ್ಟಬೇಕು, ಬಾಗಿಲು ತಟ್ಟಿದರೆ ಮಾತಾಡಬೇಕು. ಅದಕ್ಕೇ ಅಷ್ಟೂ ತಟ್ಟೆಗಳು ಅವನ ಗ್ಯಾರೇಜಿನಲ್ಲಿ ಕೂತಿದ್ದವು.

"ಯಾವುದೂ ಕಳೆದಿಲ್ಲ," ಅಂದ ಡೆಲ್ಮರ್, ಗೋಡೆ ನೋಡುತ್ತ. "ಬೇಕಿದ್ರೆ ಎಣಿಸ್ಕೋ."

"ಎಣಿಸೋದೆಲ್ಲ ನಿನ್ನೆಗೇ ಮುಗೀತು," ಎಂದು ಆರ್ಲಿಸ್ ಹಾರ್ಲನ್ ಕೂರುತ್ತಿದ್ದ ಕುರ್ಚಿಯನ್ನು ಮೇಜಿನಿಂದ ಹೊರಗೆಳೆದಳು. "ಕೂತ್ಕೋ, ಡೆಲ್ಮರ್."

ಈ ಸಲ ಅವನನ್ನು ಜಗ್ಗಿ ಕೂರಿಸಬೇಕಾಗಲಿಲ್ಲ.