ಸಫಿಯಮ್ಮನಿಗೆ ಬಾರದ ಜ್ವರ

ಸಾಹುಲ್ ಹಮೀದ್ ಈ ಫೆಬ್ರವರಿ ಹದಿನೇಳರಂದು ತೀರಿಕೊಂಡ. ಸುಳ್ಯದಿಂದ ಪುತ್ತೂರಿಗೆ ಬರುವ ಬಸ್ಸಿನಲ್ಲಿ, ಸಂಜೆ ನಾಲ್ಕರ ಹೊತ್ತಿಗೆ. ಮನೆಯಿರುವ ಕುಂಬ್ರದಲ್ಲಿ ಇಳಿಯಬೇಕಾದವನು ಏಳದೆ ಇದ್ದಾಗ ಕಂಡಕ್ಟರ್ ಬಂದು ಭುಜ ಮುಟ್ಟಿ ನೋಡಿದ. ವಯಸ್ಸು ನಲವತ್ತೊಂಬತ್ತು. ಪುತ್ತೂರಿನ ಬಸ್ ನಿಲ್ದಾಣದ ಹಿಂದೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಇಟ್ಟಿದ್ದ.

ಎಂಟು ದಿನ ಕಳೆದು ನಮ್ಮ ಶಾಲೆಯ ಹಾಲಿನಲ್ಲಿ ಸಂತಾಪ ಸಭೆ ನಡೆಯಿತು. ಅಧ್ಯಕ್ಷತೆ ಊರಿನ ದೊಡ್ಡ ಕುಳ ಮೇದಪ್ಪ ಗೌಡರದ್ದು. "ಬೋಸ್ನಿಯಾದಂಥ ದೂರದ ನಾಡಿನ ಕಲೆಯನ್ನು ಪುತ್ತೂರಿಗೆ ಪರಿಚಯಿಸುವ ಕೆಲಸದಲ್ಲಿ ಹಮೀದ್ ನನ್ನ ಬಲಗೈಯಾಗಿದ್ದ" ಎಂದು ಗೌಡರು ಹೇಳಿದರು. ಆಮೇಲೆ ಒಂದು ನಿಮಿಷ ಮೌನ. ಗೌಡರು ಕೈಗಡಿಯಾರ ನೋಡುತ್ತ ನಿಂತಿದ್ದರು. ನಿಮಿಷ ತುಂಬುವ ಮೊದಲೇ ಕುಳಿತರು. ಅವರು ಕುಳಿತದ್ದು ನೋಡಿ ಎಲ್ಲರೂ ಕುಳಿತರು. ನಾನು ಕೂರಲಿಲ್ಲ. ಹೊರಗೆ ಹೋಗಿ ನಳ್ಳಿಯಲ್ಲಿ ಬಾಯಿ ತೊಳೆದುಕೊಂಡೆ.

ತೀರಿಹೋದವರ ಬಗ್ಗೆ ಬರೆಯುವಾಗ ಇರುವವರನ್ನು ಎಳೆಯಬಾರದೆಂದು ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಬುದ್ಧಿ ಹೇಳಿದ್ದಾರೆ. ಹಮೀದನ ಬಗ್ಗೆ ಹಾಗೆ ಬರೆಯಲು ಬರುವುದಿಲ್ಲ.

ಐವತ್ತರ ದಶಕದಲ್ಲಿ ನಮ್ಮ ಕಡೆ ನಾಲ್ಕಕ್ಷರ ಬಲ್ಲವರು ಡೆಲ್ಲಿಯ ರಾಯಭಾರ ಕಚೇರಿಗಳಿಗೆ ಕಾರ್ಡು ಬರೆದು ಬಣ್ಣದ ಚಿತ್ರಗಳಿರುವ ಪತ್ರಿಕೆಗಳನ್ನು ಪುಕ್ಕಟೆ ತರಿಸಿಕೊಳ್ಳುತ್ತಿದ್ದರು. ಓದುವವರು ಕಡಿಮೆ. ನುಣುಪು ಕಾಗದ ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕಲು ಒಳ್ಳೆಯದು, ಮಳೆಗೆ ಬೇಗ ನೆನೆಯುವುದಿಲ್ಲ. ಜೂನ್ ತಿಂಗಳಲ್ಲಿ ಅಂಥ ಪತ್ರಿಕೆಗಳ ಕಟ್ಟುಗಳು ಹಮೀದನ ಅಂಗಡಿಗೆ ಬರುತ್ತಿದ್ದವು. ಅವನು ಓದಿದ್ದು ಎಂಟನೆಯ ಕ್ಲಾಸು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದ. ಕತ್ತರಿ ಹಾಕುವ ಮೊದಲು ಪ್ರತಿಯೊಂದು ಹಾಳೆಯನ್ನೂ ಎರಡು ಕಡೆ ನೋಡುವುದು ಅವನ ಕ್ರಮ. ಹೀಗಾಗಿ ಜೂನಿನಲ್ಲಿ ಅವನಷ್ಟು ನಿಧಾನ ಕೆಲಸ ಮಾಡುವ ಬೈಂಡರ್ ಜಿಲ್ಲೆಯಲ್ಲಿ ಬೇರೆ ಇರಲಿಲ್ಲ.

ಐವತ್ತಾರರ ಜೂನಿನಲ್ಲಿ ಒಂದು ದಿನ ನನ್ನನ್ನು ಕೂಗಿ ಕರೆದ.

"ಮಾಸ್ಟ್ರೆ, ಇದು ಎಂತ ಬರ್ದದ್ದು ನೋಡಿ. ಇವನ ಹೆಸರು ಹಮೀದ್ ಅಂತ ಉಂಟಲ್ಲ?"

"ಹೌದು. ಹಮೀದ್ ಚೋರಿಚ್. ಬೋಸ್ನಿಯಾದವ. ಸಾಜ್ ಅಂತ ತಂತಿವಾದ್ಯ ಬಾರಿಸ್ತಾನೆ."

"ಅದು ಎಲ್ಲಿ ಬರುದು?"

"ಯುಗೋಸ್ಲಾವಿಯಾದಲ್ಲಿ."

"ಅಲ್ಲಿ ಬ್ಯಾರಿಗಳು ಉಂಟಾ?"

"ಬ್ಯಾರಿಗಳು ಇಲ್ಲ ಮಾರಾಯ. ಮುಸ್ಲಿಮರು ಇದ್ದಾರೆ."

"ಹಾಗಾದ್ರೆ ನನ್ನ ಹೆಸರಿನವನ ಮುಖ ಲೆಕ್ಕದ ಪುಸ್ತಕಕ್ಕೆ ಹಾಕುದು ಬೇಡ" ಎಂದು ಆ ಹಾಳೆಯನ್ನು ಬೇರೆ ತೆಗೆದಿಟ್ಟ.

ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಅಂಗಡಿಯ ಹಿಂದಿನ ಗೋಡೆ ತುಂಬಿತು. ಸಾಜ್ ಹಿಡಿದ ಮುದುಕರು, ಕಲ್ಲು ಸೇತುವೆಗಳನ್ನು ನೀರುಬಣ್ಣದಲ್ಲಿ ಬರೆಯುವ ಚಿತ್ರಕಾರ, ಹಳೆಯ ಗೋರಿಕಲ್ಲುಗಳ ಕೆತ್ತನೆಯನ್ನು ಕಾಗದಕ್ಕೆ ಇಳಿಸುವ ಒಬ್ಬ ಕುಳ್ಳ, ದಪ್ಪ ಕನ್ನಡಕದ ಕವಿ. ಪ್ರತಿಯೊಬ್ಬರ ಕೆಳಗೂ ಹೆಸರು, ಊರು, ಕಸುಬು ಕನ್ನಡದಲ್ಲಿ. ಅರ್ಥ ನಾನು ಹೇಳುತ್ತಿದ್ದೆ, ಅವನು ದುಂಡಗೆ ಬರೆಯುತ್ತಿದ್ದ. ಅಂಗಡಿಗೆ ಬಂದವರು, "ಇವರೆಲ್ಲ ನಿನ್ನ ಸಂಬಂಧಿಕರಾ ಬ್ಯಾರಿ?" ಎಂದು ತಮಾಷೆ ಮಾಡಿದರೆ, "ಹೌದು, ಮದುವೆಗೆ ಬರುದಿಲ್ಲ, ಅಷ್ಟೇ" ಎನ್ನುತ್ತಿದ್ದ.

ಒಂದು ಲೇಖನ ಅವನನ್ನು ಬಿಡದೆ ಹಿಡಿಯಿತು. ಬೋಸ್ನಿಯಾದಲ್ಲಿ ಹೆಂಗಸರು ಮನೆಯ ಒಳಂಗಳದಲ್ಲಿ ಹಾಡಿಕೊಳ್ಳುವ ಹಾಡುಗಳನ್ನು ದೊಡ್ಡ ಕಲೆಯೆಂದು ಮನ್ನಿಸುತ್ತಾರೆ, ಅವನ್ನು ಸಂಗ್ರಹಿಸುವುದೇ ಕೆಲಸವಾಗಿರುವ ಗಾಯಕಿಯೊಬ್ಬಳು ಸರಯೆವೊ ನಗರದಲ್ಲಿದ್ದಾಳೆ, ಹೆಸರು ನಸೀಹಾ ಮುಯ್ಕಿಚ್, ಎಂದು ಅದರಲ್ಲಿತ್ತು. ನಾನು ಓದಿ ಹೇಳಿದ್ದನ್ನು ಕೇಳಿ ಹಮೀದ್ ಅಂಟಿನ ಡಬ್ಬಿ ಕೆಳಗಿಟ್ಟ.

"ಇದು ನಮ್ಮ ಉಮ್ಮ ಹಾಡುದೇ ಅಲ್ವಾ ಮಾಸ್ಟ್ರೆ?"

ಅವನ ತಾಯಿ ಸಫಿಯಮ್ಮ ಕುಂಬ್ರದ ಸುತ್ತಮುತ್ತ ಬ್ಯಾರಿಗಳ ಮದುವೆಗಳಲ್ಲಿ ಹಾಡು ಎತ್ತುವವರು. ಮದುಮಗಳಿಗೆ ಮದರಂಗಿ ಹಚ್ಚುವಾಗ, ಅವಳನ್ನು ಹೊರಡಿಸುವಾಗ ಹೆಂಗಸರು ಒಳಗೆ ಕುಳಿತು ಹಾಡುತ್ತಾರೆ. ಸಫಿಯಮ್ಮ ಒಂದು ಸಾಲು ಎತ್ತಿದರೆ ಉಳಿದ ಆರು ಜನ ಅದಕ್ಕೆ ಪಲ್ಲವಿಯ ಉತ್ತರ ಕೊಡಬೇಕು. ಉತ್ತರ ಬಾರದೆ ಮುಂದಿನ ಸಾಲು ಇಲ್ಲ. ಗಂಡಸರು ಆ ಹೊತ್ತಿಗೆ ಅಂಗಳ ಬಿಟ್ಟು ಹೋಗುವುದು ಮರ್ಯಾದೆ. ಹಮೀದ್ ತಾಯಿಯ ಹಾಡು ಕೇಳಿದ್ದೆಲ್ಲ ದೂರದಿಂದಲೇ. ತಾಯಿಗೆ ಎಪ್ಪತ್ತು ದಾಟಿತ್ತು. ಹಾಡುಗಳು ಎಲ್ಲಿಯೂ ಬರೆದಿಟ್ಟವಲ್ಲ.

"ಈ ನಸೀಹಾ ಹೆಂಗಸಲ್ವಾ. ಒಳಗೆ ಹೋಗಿ ಕೂರ್ಬಹುದು. ಹಾಡು ಹಿಡಿಯುವ ಯಂತ್ರ ಉಂಟು ಇವಳ ಹತ್ರ. ಒಂದು ಕಾಗದ ಬರಿಯುವ" ಎಂದ.

ಕಾಗದ ಡೆಲ್ಲಿಗೆ ಹೋಗಿ, ಅಲ್ಲಿಂದ ಸರಯೆವೊಗೆ ಹೋಯಿತು. ಐದು ತಿಂಗಳಾದ ಮೇಲೆ ಉತ್ತರ ಬಂತು. ಆಮೇಲೆ ಇನ್ನೆರಡು. ಅರುವತ್ತೊಂದರ ಜನವರಿಯಲ್ಲಿ ಸಾಂಸ್ಕೃತಿಕ ತಂಡದ ಜೊತೆ ಇಂಡಿಯಾಕ್ಕೆ ಬರುತ್ತೇನೆ, ಮಂಗಳೂರಿನಲ್ಲಿ ಎರಡು ದಿನ ಇರುತ್ತೇನೆ, ಅರ್ಧ ದಿನ ನಿಮ್ಮ ತಾಯಿಗೆ, ಎಂದು ಆಕೆ ಬರೆದಳು.

ಮಂಗಳೂರಿನಿಂದ ಕರೆತರಲು ಕಾರು ಬೇಕಿತ್ತು. ಕಾರಿದ್ದದ್ದು ಮೇದಪ್ಪ ಗೌಡರಿಗೆ. ಅವರನ್ನು ಕೇಳಲು ಹೇಳಿದವನು ನಾನು. ಕೇಳಿದ ಮರುದಿನವೇ ಸ್ವಾಗತ ಸಮಿತಿ ಹುಟ್ಟಿತು. ಅಧ್ಯಕ್ಷರು ಗೌಡರು. ಹನ್ನೊಂದು ಸದಸ್ಯರಲ್ಲಿ ಹಮೀದ್ ಇರಲಿಲ್ಲ. ಆಹ್ವಾನಪತ್ರಿಕೆಗಳನ್ನು ಮಡಚಿ ಲಕೋಟೆಗೆ ಹಾಕುವ ಕೆಲಸ ಮಾತ್ರ ಅವನಿಗೆ ಕೊಟ್ಟರು. ಅವನು ಅದನ್ನೂ ಸಂತೋಷದಿಂದ ಮಾಡಿದ. ಹನ್ನೊಂದಕ್ಕೆ ಸಭೆ, ಒಂದಕ್ಕೆ ಊಟ, ಎರಡಕ್ಕೆ ಕುಂಬ್ರ ಎಂದು ನಿಶ್ಚಯವಾಯಿತು.

ಆ ಸಭೆಯನ್ನು ನೆನೆದರೆ ಈಗಲೂ ಮೈಗೆ ಏನೋ ಮೆತ್ತಿಕೊಂಡಂತಾಗುತ್ತದೆ. ಸ್ವಾಗತಗೀತೆ, ಸ್ವಾಗತ ಭಾಷಣ, ಸ್ವಾಗತ ಭಾಷಣಕ್ಕೆ ಅನುಮೋದನೆ. ಹದಿನಾಲ್ಕು ಹಾರ. ಪ್ರತಿ ಹಾರಕ್ಕೂ ಫೋಟೋ. ಒಬ್ಬರು ಅಡಿಕೆ ಕೃಷಿಯ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದರು. ಇನ್ನೊಬ್ಬರು ಗೌಡರ ತಂದೆಯ ಬಗ್ಗೆ ಮಾತಾಡಿದರು. ನಮ್ಮಲ್ಲಿ ಅತಿಥಿಗೆ ಗಾಜು ಹಾಕಿದ ಬಿನ್ನವತ್ತಳೆ ಕೊಡುವುದೂ, ಕೊಡುವ ಮೊದಲು ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವುದೂ ಪದ್ಧತಿ. ಅದನ್ನು ಬರೆದವನೂ ನಾನು, ಓದಿದವನೂ ನಾನು. ಇಪ್ಪತ್ತು ನಿಮಿಷ ಓದಿದೆ. ಹಳೆಗನ್ನಡದ ಎರಡು ವೃತ್ತ ಬೇರೆ ಸೇರಿಸಿದ್ದೆ. ನಸೀಹಾ ಚರ್ಮದ ಚೀಲದ ಟೇಪ್ ರೆಕಾರ್ಡರನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ನಡುನಡುವೆ ಗಡಿಯಾರ ನೋಡುತ್ತಿದ್ದಳು. ನಾನು ಓದುತ್ತಲೇ ಇದ್ದೆ.

ಊಟ ಮುಗಿದಾಗ ಮೂರೂವರೆ. ಕಾರಿನಲ್ಲಿ ಗೌಡರು, ಅವರ ಹೆಂಡತಿ, ಭಾವ, ನಸೀಹಾ.

"ಗೌಡ್ರೆ, ಕುಂಬ್ರಕ್ಕೆ ನಾನೂ ಬರ್ತಿದ್ದೆ. ಮಾತು ಹೇಳ್ಲಿಕ್ಕೆ ಆಗ್ತದೆ" ಎಂದೆ.

"ಜಾಗ ಎಲ್ಲುಂಟು ಮಾಸ್ಟ್ರೆ? ನೀವು ಇಲ್ಲಿ ಕುರ್ಚಿಗಳನ್ನು ನೋಡಿಕೊಳ್ಳಿ" ಎಂದರು.

ನಾನು ಕುರ್ಚಿಗಳನ್ನು ನೋಡಿಕೊಂಡೆ.

ಕುಂಬ್ರದಲ್ಲಿ ಏಳು ಹೆಂಗಸರು ಹನ್ನೆರಡು ಗಂಟೆಯಿಂದ ಕಾಯುತ್ತಿದ್ದರು. ಸಫಿಯಮ್ಮ ಪೆಟ್ಟಿಗೆಯಿಂದ ಬಿಳಿಯ ರವಕೆ ತೆಗೆಸಿ ತೊಟ್ಟಿದ್ದರು. ಹಮೀದ್ ರಸ್ತೆಯ ತಿರುವಿನಲ್ಲಿ ನಿಂತಿದ್ದ. ಕತ್ತಲಾಗುವವರೆಗೂ ನಿಂತಿದ್ದ. ಕಾರು ಬರಲಿಲ್ಲ.

ಮರುದಿನ ನಾನು ಗೌಡರನ್ನು ಕೇಳಿದೆ. "ಅವಳೇ ಬೇಡ ಅಂದಳು ಮಾರಾಯ್ರೆ. ಬಳಲಿಕೆ ಅಂತೆ. ಹಳ್ಳಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ" ಎಂದರು. ನಾನು ನಂಬಿದೆ, ಅದನ್ನೇ ಹಮೀದನಿಗೆ ಹೇಳಿದೆ. ಅವಳಿಗೊಂದು ಕಾಗದ ಬರೆಯೋಣವೆಂದೆ.

"ಬೇಡ ಮಾಸ್ಟ್ರೆ. ಉಮ್ಮ ಆ ರವಕೆ ಮಡಚಿ ಒಳಗೆ ಇಟ್ಟದ್ದು ನೋಡಿದ್ದೇನೆ. ಆ ಊರಿನವರ ಹೆಸರು ನನ್ಗೆ ಬೇಡ."

ಆ ಜೂನಿನಲ್ಲಿ ಗೋಡೆಯಲ್ಲಿದ್ದ ಅಷ್ಟೂ ಹಾಳೆಗಳನ್ನು ಕಿತ್ತು ಮಕ್ಕಳ ಪುಸ್ತಕಗಳಿಗೆ ಬೈಂಡು ಹಾಕಿದ. ನನ್ನ ಆರನೆಯ ಕ್ಲಾಸಿನಲ್ಲಿ ಬೋಸ್ನಿಯಾದ ಕವಿ, ಚಿತ್ರಕಾರ, ಸಾಜ್ ವಾದಕರೆಲ್ಲ ಬೆಂಚು ಬೆಂಚಿನಲ್ಲೂ ಕುಳಿತಿದ್ದರು. ಜುಲೈ ಮುಗಿಯುವಷ್ಟರಲ್ಲಿ ಎಲ್ಲರಿಗೂ ಮೀಸೆ ಬಂದಿತ್ತು.

ಆಗಸ್ಟಿನಲ್ಲಿ ನಸೀಹಾಳ ಕಾಗದ ಬಂತು. ನಾನು ಅಂಗಡಿಯಲ್ಲೇ ಒಡೆದು ಓದಿದೆ. "ನಿಮ್ಮ ತಾಯಿಯ ಜ್ವರ ವಾಸಿಯಾಯಿತೇ? ಅಂದು ಕಾರಿನಲ್ಲಿ ಅಧ್ಯಕ್ಷರು, ನಿಮ್ಮ ತಾಯಿ ಹಾಸಿಗೆ ಹಿಡಿದಿದ್ದಾರೆ, ಯಾರೂ ಬರಬಾರದೆಂದು ಹೇಳಿಕಳುಹಿಸಿದ್ದಾರೆ ಎಂದಾಗ ನನಗೆ ತುಂಬ ದುಃಖವಾಯಿತು. ನೇರವಾಗಿ ಮಂಗಳೂರಿಗೆ ಹೋದೆವು. ಕಲೆಕ್ಟರರ ಚಹಾಕೂಟಕ್ಕೆ ಅಧ್ಯಕ್ಷರೂ ನನ್ನ ಜೊತೆ ಬಂದಿದ್ದರು."

ಕಲೆಕ್ಟರರ ಪಕ್ಕದಲ್ಲಿ ಕುಳಿತು ಒಂದು ಲೋಟ ಚಹಾ ಕುಡಿಯುವುದಕ್ಕೆ.

ಹಮೀದ್ ಎಲ್ಲ ಕೇಳಿ ಅಂಗಡಿಯ ಬಾಗಿಲು ಹಾಕಿದ. ಇಬ್ಬರೂ ಗೌಡರ ಮನೆಗೆ ನಡೆದೆವು. ಗೌಡರು ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು.

"ಗೌಡ್ರೆ, ನಮ್ಮ ಉಮ್ಮನಿಗೆ ಜ್ವರ ಅಂತ ಹೇಳಿದ್ದು ನೀವಾ?"

ಗೌಡರು ಕಾಗದದ ಕಡೆ ನೋಡಿ ನಕ್ಕರು. "ಒಂದು ಮಾತಿಗೆ ಹೇಳಿದ್ದು ಮಾರಾಯ. ನಾನು ಹೇಳಿದ್ದಕ್ಕೆ ಅವರಿಗೆ ಜ್ವರ ಬಂತಾ?"

"ಇಲ್ಲ."

"ಮತ್ತೆಂತ ನಿನ್ನ ತಕರಾರು? ಅಷ್ಟು ದೊಡ್ಡ ಕಲಾವಿದೆ ಸಮುದ್ರ ದಾಟಿ ಬಂದದ್ದು ನಿಮ್ಮ ಅಡಿಗೆ ಕೋಣೆಯ ಹಾಡು ಕೇಳ್ಲಿಕ್ಕಾ?"

"ಹೌದು" ಎಂದ ಹಮೀದ್. "ಅದಕ್ಕೇ ಬಂದದ್ದು."

ಗೌಡರು ಅಂಗಳಕ್ಕೆ ಉಗುಳಿ, "ಮಾಸ್ಟ್ರೆ, ಚಾ ಕುಡ್ದು ಹೋಗಿ" ಎಂದು ನನಗೆ ಮಾತ್ರ ಹೇಳಿದರು. ಪುಣ್ಯಕ್ಕೆ ಅಂದು ನಾನು ಚಹಾ ಕುಡಿಯಲಿಲ್ಲ. ಅವರಿಗೆ ಎದುರಾಗಿ ನಾನು ಮಾಡಿದ್ದು ಅಷ್ಟೇ.

ನಸೀಹಾ ಮತ್ತೆ ಬರುವ ಹಾಗಿರಲಿಲ್ಲ. ಹಮೀದ್ ಒಳ್ಳೆಯ ಕಾಗದದ ಒಂದು ಪುಸ್ತಕ ಹೊಲಿದು ತಾಯಿಯ ಎದುರು ಕುಳಿತ. "ನೀನು ಗಂಡಸು, ಎದ್ದು ಹೋಗು" ಎಂದರಂತೆ ಸಫಿಯಮ್ಮ. ಮೂರು ದಿನ ಹಟ ಮಾಡಿದ ಮೇಲೆ, "ಗೋಡೆಯ ಆಚೆ ಕೂತ್ಕೋ. ಹಾಡುವ ಹೆಂಗಸರಿಗೆ ನಿನ್ನ ಮುಖ ಕಾಣ್ಬಾರ್ದು, ನಿನ್ನ ಸ್ವರ ಕೇಳ್ಬಾರ್ದು" ಎಂದು ಒಪ್ಪಿದರು. ಶುಕ್ರವಾರ ಅಂಗಡಿಗೆ ರಜೆ. ಊಟದ ನಂತರ ಆರು ಹೆಂಗಸರು ಬರುತ್ತಿದ್ದರು. ಒಳಗೆ ಹಾಡು, ಹೊರಗೆ ಮಾಡಿನ ಕೆಳಗೆ ಹಮೀದ್ ಮೊಣಕಾಲ ಮೇಲೆ ಪುಸ್ತಕ ಇಟ್ಟು ಬ್ಯಾರಿ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದ. ಒಂದು ಪದ ತಪ್ಪಿದರೆ ಕೇಳುವ ಹಾಗಿಲ್ಲ. ಮುಂದಿನ ಶುಕ್ರವಾರದವರೆಗೆ ಜಾಗ ಖಾಲಿ ಬಿಡಬೇಕು.

ಮೂರು ವರ್ಷದಲ್ಲಿ ಮೂವತ್ತೊಂದು ಹಾಡು ಆಯಿತು. ಮದುಮಗಳನ್ನು ಹೊರಡಿಸುವ ಹಾಡು ಮಾತ್ರ ಅರ್ಧವೇ. ಅದರ ಉಳಿದ ಸಾಲುಗಳನ್ನು ಸಫಿಯಮ್ಮ ಮರೆತಿದ್ದರು. ಅರುವತ್ತನಾಲ್ಕರ ಮಳೆಗಾಲದಲ್ಲಿ ಅವರು ಹೋದರು. ಆಗ ನಿಜವಾಗಿಯೂ ಜ್ವರ ಇತ್ತು.

ಮರುವರ್ಷ ಗೌಡರ ಸಮಿತಿಯ ನೆನಪಿನ ಸಂಚಿಕೆಗೆ ಈ ಹಾಡುಗಳು ಬೇಕೆಂದು ಕಾರ್ಯದರ್ಶಿ ಅಂಗಡಿಗೆ ಬಂದ. "ಸಂಗ್ರಹ: ಮೇದಪ್ಪ ಗೌಡ" ಎಂದು ಬರುತ್ತದೆ, ಕೆಳಗೆ ಹಮೀದನಿಗೂ ಕೃತಜ್ಞತೆ ಇರುತ್ತದೆ ಎಂದ. ಹಮೀದ್ ಅಂಟು ಕಲಸುತ್ತ ತಲೆ ಎತ್ತದೆ ಹೇಳಿದ: "ಪುಸ್ತಕಕ್ಕೆ ಜ್ವರ ಅಂತ ಹೇಳಿ ಗೌಡ್ರಿಗೆ. ಯಾರೂ ನೋಡ್ಲಿಕ್ಕೆ ಬರ್ಬಾರ್ದಂತೆ."

ಅವನ ಎದೆನೋವು ಶುರುವಾದದ್ದು ಕಳೆದ ವರ್ಷ. ಬಸ್ಸಿನಲ್ಲಿ ದೂರ ಹೋಗಬಾರದೆಂದು ಡಾಕ್ಟರು ಹೇಳಿದ್ದರು. ಈ ಫೆಬ್ರವರಿಯಲ್ಲಿ, ಆ ಅರ್ಧ ಹಾಡು ಪೂರ್ತಿ ಬರುವ ಕದೀಜಮ್ಮ ಎಂಬ ಮುದುಕಿ ಸುಳ್ಯದ ಹತ್ತಿರ ಅಜ್ಜಾವರದಲ್ಲಿ ಇದ್ದಾರೆಂದು ಯಾರೋ ಹೇಳಿದರು. ನನಗೆ ತಿಳಿಸಿದರೆ ತಡೆಯುತ್ತೇನೆಂದು ತಿಳಿಸದೆ ಹದಿನೇಳರ ಬೆಳಿಗ್ಗೆ ಹೋದ. ಅಲ್ಲಿ ನಡೆದದ್ದನ್ನು ಕದೀಜಮ್ಮನ ಅಳಿಯ ಮೊಯ್ದಿನಬ್ಬ ನನಗೆ ಹೇಳಿದರು.

ಕದೀಜಮ್ಮ ಒಳಗೆ ಚಾಪೆಯ ಮೇಲೆ, ಹಮೀದ್ ಹೊರಗೆ ಗೋಡೆಗೆ ಒರಗಿ. ಮುದುಕಿ ಮೊದಲ ಸಾಲು ಎತ್ತಿದರು, ನಿಂತರು. ಮತ್ತೆ ಎತ್ತಿದರು, ಮತ್ತೆ ನಿಂತರು. ಅವರ ಜೊತೆ ಉತ್ತರ ಹಾಡುತ್ತಿದ್ದವರು ಒಬ್ಬರೂ ಉಳಿದಿರಲಿಲ್ಲ.

"ಉತ್ತರ ಇಲ್ಲದೆ ನನ್ಗೆ ಮುಂದಿನದ್ದು ಬರುದಿಲ್ಲ ಮಗಾ. ನೀನು ಹೋಗು" ಎಂದರು.

ಹಮೀದ್ ಗೋಡೆಯ ಆಚೆಯಿಂದ ಹೆಂಗಸರ ಪಲ್ಲವಿಯನ್ನು ಹಾಡಿದ. 'ಬಾಗಿಲು ಗಿಡ್ಡ ಮಗಳೇ, ತಲೆ ತಗ್ಗಿಸಿ ದಾಟು' ಎಂಬ ಅರ್ಥದ ಸಾಲು ಅದು. ಅಂಗಳದಲ್ಲಿದ್ದ ಮೊಯ್ದಿನಬ್ಬರಿಗೆ ನಾಚಿಕೆಯಾಗಿ ಅಡಿಕೆ ಒಣಗಿಸುವ ಕಡೆಗೆ ಹೋದರಂತೆ. ಒಳಗಿನಿಂದ ಎರಡನೆಯ ಸಾಲು ಬಂತು. ಇವನು ಉತ್ತರ ಹಾಡಿ ಬರೆದುಕೊಂಡ. ಮೂರನೆಯದು ಬಂತು. ಹೀಗೆ ಹನ್ನೊಂದು ಸಾಲು.

"ನಿನ್ನ ಸ್ವರ ಚೆಂದ ಇಲ್ಲ" ಎಂದರು ಕದೀಜಮ್ಮ, ಎಲ್ಲ ಮುಗಿದ ಮೇಲೆ.

"ಗೊತ್ತುಂಟು. ಒಂಬತ್ತನೆಯ ಸಾಲಲ್ಲಿ ಒಂದು ಪದ ಬಿಟ್ಟುಹೋಯ್ತು. ಇನ್ನೊಮ್ಮೆ ಎತ್ತುತ್ತೀರಾ?" ಎಂದು ಕೇಳಿ, ಪೆನ್ಸಿಲ್ ಕೈಯಲ್ಲಿ ಹಿಡಿದುಕೊಂಡೇ, ಮುದುಕಿ ಎತ್ತಿದ ಸಾಲುಗಳಿಗೆಲ್ಲ ಮತ್ತೊಮ್ಮೆ ಮೊದಲಿನಿಂದ ಉತ್ತರ ಹಾಡಿದ.